ನೀರ್ಗೋಡೆಯ ಆಚೆ ಜೈತುನಬಿಯವರ ಕೋಣೆ

ಗದಗ
ಉರಿಮಾಸದ ಹತ್ತೊಂಬತ್ತನೆಯ ದಿನ, ಇಸವಿ ೨೧೭೪

ನನಗಿಂತ ನೂರೈವತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ ಅಂದಾನೆಪ್ಪ ಮುಳಗುಂದನ ನಮಸ್ಕಾರಗಳು.

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ಬೇಸಿಗೆ ಉದ್ದವಾದಂತೆಲ್ಲ ನಮ್ಮವರು ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಡಿದು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡರು. ಅದೇ ಉರಿಮಾಸ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕ್ಷಮಿಸಿ. ಅರ್ಥ ಹೇಳುತ್ತಲೇ ಹೋಗುತ್ತೇನೆ. ಹಿಂದಿನ ಕಾಲದವರಿಗೆ ಬರೆಯುವ ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಸಾಮಾನ್ಯವಾಗಿ ಜನ ಇದರಲ್ಲಿ ತಮ್ಮ ಕಾಲದ ಹೆಚ್ಚುಗಾರಿಕೆಯನ್ನು ಬರೆಯುತ್ತಾರೆ. ನಾನು ಬರೆಯುತ್ತಿರುವುದು ನಾನು ಮಾಡಿದ ಒಂದು ಕೆಟ್ಟ ಕೆಲಸದ ಬಗ್ಗೆ.

ನಮ್ಮದು ನಾಲ್ಕು ಸಂಸಾರಗಳ ಒಂದೇ ಉದ್ದನೆಯ ಮನೆ. ಮುಂದಿನ ಭಾಗದಲ್ಲಿ ನಾನು, ನನ್ನ ಹಿಂದೆ ಕಸ್ತೂರೆವ್ವನ ಮನೆಯವರು, ಅವರ ಹಿಂದೆ ನೇಕಾರರ ಒಂದು ಸಂಸಾರ, ಎಲ್ಲಕ್ಕಿಂತ ಹಿಂದಿನ ಕೋಣೆಯಲ್ಲಿ ಜೈತುನಬಿಯವರು ಒಬ್ಬರೇ. ಉರಿಮಾಸದಲ್ಲಿ ಹಗಲು ಹತ್ತರಿಂದ ಐದರವರೆಗೆ ಹೊರಗೆ ಕಾಲಿಡುವಂತಿಲ್ಲ. ದುಡಿಮೆ, ಪಾಠ, ವೈದ್ಯ, ಸಂತೆ ಎಲ್ಲವೂ ಇಂಟರ್ನೆಟ್ಟಿನ ಮೇಲೆಯೇ ನಡೆಯಬೇಕು. ನೀವು ಮೆಶ್ ವೈಫೈ ಎನ್ನುತ್ತಿದ್ದುದನ್ನು ನಾವು ಹೆಣಿಗೆ ಎನ್ನುತ್ತೇವೆ. ಮನೆಯ ಅಲ್ಲಲ್ಲಿ ಇಡುವ ಡಬ್ಬಿಗಳಿಗೆ ಗಂಟು ಎಂದು ಹೆಸರು. ಹೊರಗಿನ ತಂತಿ ಬಂದು ಸೇರುವುದು ನನ್ನ ಪಡಸಾಲೆಯ ಮೊದಲ ಗಂಟಿಗೆ. ಅದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಗಾಳಿಯಲ್ಲೇ ದಾಟಿಸುತ್ತ ಜೈತುನಬಿಯವರ ಕೋಣೆ ಮುಟ್ಟುತ್ತಿತ್ತು. ಹೆಣಿಗೆ ನೋಡಿಕೊಳ್ಳುವ ಹೊಣೆ ಹನ್ನೊಂದು ವರ್ಷಗಳಿಂದ ನನ್ನದಾಗಿತ್ತು. ಈ ವಿಷಯದಲ್ಲಿ ನನ್ನಷ್ಟು ತಿಳಿದವನು ಓಣಿಯಲ್ಲಿ ಇನ್ನೊಬ್ಬನಿಲ್ಲ ಎಂದು ಜನ ಅನ್ನುತ್ತಿದ್ದರು, ನಾನೂ ಅಂದುಕೊಂಡಿದ್ದೆ.

ಜೈತುನಬಿಯವರು ಕೈಮಾತುಗಾರ್ತಿ. ಕಿವಿ ಕೇಳದವರು ಆಸ್ಪತ್ರೆಗೆ ಹೋದಾಗ ಡಾಕ್ಟರ ಮಾತನ್ನು ಪರದೆಯ ಮೇಲೆ ಕೈಸನ್ನೆಯಲ್ಲಿ ಹೇಳುವುದು, ರೋಗಿಯ ಸನ್ನೆಯನ್ನು ಡಾಕ್ಟರಿಗೆ ಮಾತಿನಲ್ಲಿ ತಿಳಿಸುವುದು ಅವರ ಕೆಲಸ. ಚಿತ್ರ ಒಂದು ಕ್ಷಣ ನಿಂತರೆ ಅವರಿಗೆ ಅರ್ಧ ವಾಕ್ಯ ಹೋದಂತೆ. ಹೋದ ವರ್ಷ ಮೊದಲು ಬಂದು ದೂರು ಹೇಳಿದವರೂ ಅವರೇ.

"ಅಣ್ಣಾರ, ನನ್ನ ಕಡೆ ಭಾಳ ನಿಧಾನ ಆಗೇತ್ರಿ. ಕೈ ಎತ್ತಿದ್ದು ಕಾಣತೈತಿ, ಇಳಿಸಿದ್ದು ಕಾಣಂಗಿಲ್ಲ ಅಂತಾರ."

ನಾನು ಕೂತಲ್ಲೇ, ಮೊದಲ ಗಂಟಿನ ಪಕ್ಕದಲ್ಲೇ ವೇಗ ಅಳೆದು ತೋರಿಸಿದೆ. "ನೋಡ್ರಿ, ಪೂರ್ತಿ ಬಂದೈತಿ. ಲೈನಿಂದೇನೂ ತಪ್ಪಿಲ್ಲ."

"ಇಲ್ಲಿ ಬರತೈತಿ ಖರೇ. ನನ್ನ ಬಾಗಿಲಿಗೆ ಬಂದು ಒಮ್ಮೆ ಅಳೀರಿ."

"ಅಳತಿ ಅಂದ್ರ ಅಳತಿ. ಎಲ್ಲಿ ನಿಂತು ಅಳದ್ರೂ ಒಂದ" ಎಂದೆ.

ಅದು ಸುಳ್ಳೆಂದು ಹೆಣಿಗೆಯ ಮೊದಲ ಪಾಠ ಕಲಿತವನಿಗೂ ಗೊತ್ತು. ಅವರ ಹೊಸ್ತಿಲನ್ನು ನಾನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ದಾಟಿರಲಿಲ್ಲ. ಯಾಕೆ ಎಂದು ನೀವು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ.

ದಿನ ಕಳೆದಂತೆ ಕಸ್ತೂರೆವ್ವನೂ ನೇಕಾರರೂ ದೂರತೊಡಗಿದರು. ಆಗ ನಾನು ಏನೇನೋ ಮಾಡಿದೆ. ಗಂಟುಗಳನ್ನು ಆರಿಸಿ ಹಚ್ಚಿದೆ. ತಂತಿ ಬದಲಿಸಿದೆ. ಕಂಪನಿಯವರನ್ನು ಕರೆಸಿದೆ, ಅವರೂ ಪಡಸಾಲೆಯಲ್ಲೇ ಅಳೆದು ಚಹಾ ಕುಡಿದು ಹೋದರು. ನಡುವೆ ಇನ್ನೊಂದು ಹೊಸ ಗಂಟು ತಂದಿಟ್ಟೆ. ಗಂಟುಗಳು ಒಂದರ ಮಾತಿನ ಮೇಲೆ ಒಂದು ಮಾತಾಡಿ ಇನ್ನಷ್ಟು ಗೊಂದಲವಾಯಿತು. ಏನೂ ಉಳಿಯದಾದಾಗ, ತಪ್ಪು ಡಬ್ಬಿಯದಲ್ಲ, ಮನುಷ್ಯರದ್ದು ಎಂದೆ. ಇಡೀ ದಿನ ಚಿತ್ರ ಕಳಿಸುತ್ತ ಕೂರುವವರು ಯಾರು? ಜೈತುನಬಿಯವರು. ಹಾಗಾದರೆ ಎಲ್ಲರ ಪಾಲನ್ನು ತಿನ್ನುತ್ತಿರುವವರು ಅವರೇ.

ಒಂದು ಸಂಜೆ ನಾಲ್ಕೂ ಮನೆಯವರನ್ನು ಅಂಗಳದಲ್ಲಿ ಸೇರಿಸಿ ಜೈತುನಬಿಯವರ ಎದುರಿಗೇ ಹೀಗೆಂದು ಹೇಳಿದೆ. ಅವರು ಎದ್ದು ನಿಂತು ಒಂದೇ ಮಾತು ಕೇಳಿದರು. "ನಾ ಹದಿನಾಲ್ಕು ವರ್ಷ ಇದ ಕೆಲಸ ಮಾಡಾಕತ್ತೀನಿ. ಇಷ್ಟ ದಿನ ಯಾಕ ನಿಧಾನ ಆಗಲಿಲ್ಲ?" ಒಳ್ಳೆಯ ಪ್ರಶ್ನೆ. ಜನ ನನ್ನ ಮುಖ ನೋಡಿದರು, ನಾನು ಕೈ ಎತ್ತಿದೆ, ಉಳಿದವರೂ ಎತ್ತಿದರು. ಮರುದಿನ ಅವರ ಕೋಣೆಯ ಗಂಟನ್ನು ಕಿತ್ತೆವು.

ಆಮೇಲೆ ಅವರು ಬೀದಿಗಂಟಿನ ಕೆಳಗೆ ಕೂತು ಕೆಲಸ ಮಾಡತೊಡಗಿದರು. ಊರಿನವರೆಲ್ಲರ ಬಳಕೆಗೆಂದು ಓಣಿಯ ಗೋಡೆಗೆ ಹಾಕಿರುವ ಡಬ್ಬಿಯೇ ಬೀದಿಗಂಟು. ತಲೆಗೆ ಹಸಿ ಬಟ್ಟೆ ಸುತ್ತಿಕೊಂಡು, ಮಡಿಲಲ್ಲಿ ಪರದೆ ಇಟ್ಟುಕೊಂಡು ಬಿಸಿಲಲ್ಲಿ ಕೈ ಆಡಿಸುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಒಂಬತ್ತನೆಯ ದಿನ, ಒಬ್ಬ ಡಾಕ್ಟರು ಕಿವಿ ಕೇಳದ ಹೆಣ್ಣುಮಗಳೊಬ್ಬಳಿಗೆ ಹಳೆಯ ಗುಳಿಗೆ ನಿಲ್ಲಿಸಿ ಹೊಸದನ್ನು ತಗೋ ಎಂದರಂತೆ. ಜೈತುನಬಿ ಸನ್ನೆ ಮಾಡಿದರು. ನಡುವೆ ಚಿತ್ರ ನಿಂತು, 'ನಿಲ್ಲಿಸು' ಎಂಬ ಕೈ ಆ ಕಡೆ ಮುಟ್ಟಲೇ ಇಲ್ಲ. ಆಕೆ ಎರಡೂ ಗುಳಿಗೆ ನುಂಗಿದಳು. ಐದು ದಿನ ಪ್ರಜ್ಞೆ ಇಲ್ಲದೆ ಮಲಗಿ ಉಳಿದುಕೊಂಡಳು. ಜೈತುನಬಿಯವರ ಹೆಸರನ್ನು ಕೈಮಾತಿನವರ ಪಟ್ಟಿಯಿಂದ ತೆಗೆದರು. ಅವರು ಸಾಮಾನು ಕಟ್ಟಿಕೊಂಡು ಬೆಟಗೇರಿಗೆ ಹೋದರು.

ಅವರು ಹೋದ ಮೇಲೂ ಹಿಂದಿನ ಮನೆಗಳಲ್ಲಿ ವೇಗ ಹೆಚ್ಚಲಿಲ್ಲ. ನನಗೆ ಅಲ್ಲೇ ತಿಳಿಯಬೇಕಿತ್ತು. ತಪ್ಪು ಅವರದಲ್ಲವೇನೋ ಎಂದು ಅನಿಸಿತು ಕೂಡ, ಆದರೆ ಬಾಯಿ ಬಿಡಲಿಲ್ಲ.

ಇಲ್ಲಿ ನೀರ್ಗೋಡೆಯ ಬಗ್ಗೆ ಹೇಳಬೇಕು. ಎರಡು ಗಾಜಿನ ಹಾಳೆಗಳ ನಡುವೆ ಗೇಣು ದಪ್ಪಕ್ಕೆ ತಣ್ಣೀರು ಇಳಿಯುತ್ತಲೇ ಇರುವ ಗೋಡೆ ಅದು. ಕೋಣೆ ತಂಪಾಗಿರುತ್ತದೆ. ಹೋದ ವರ್ಷ, ಮೊದಲ ದೂರು ಬರುವುದಕ್ಕೆ ಸ್ವಲ್ಪ ಮುಂಚೆ, ಮಧ್ಯಾಹ್ನದ ನಿದ್ದೆಗೆಂದು ನಾನು ಪಡಸಾಲೆಗೆ ತಾಗಿದ ನನ್ನ ಕೋಣೆಗೆ ಒಂದು ಹಾಕಿಸಿಕೊಂಡಿದ್ದೆ. ಜೈತುನಬಿ ಹೊರಟು ಎರಡು ವಾರಕ್ಕೆ ಅದರೊಳಗೆ ಪಾಚಿ ಕಟ್ಟಿ, ನೀರು ಪೂರ್ತಿ ಖಾಲಿ ಮಾಡಿ ತೊಳೆಸಬೇಕಾಯಿತು. ಅಂದು ಮಧ್ಯಾಹ್ನ ಕಸ್ತೂರೆವ್ವ ನಗುತ್ತ ಬಂದರು.

"ಅಂದಾನೆಪ್ಪಾರ, ಇವತ್ತ ಭಾಳ ಚಲೋ ಬರಾಕತ್ತೈತಿ. ಏನ್ ಮಾಡಿದ್ರಿ?"

ನಾನು ಖಾಲಿ ಗಾಜಿನ ಕಡೆ ನೋಡಿದೆ. ಅದರ ಈಚೆ ಮೊದಲ ಗಂಟು, ನೇರ ಆಚೆ ಎರಡನೆಯ ಗಂಟು. ನೀರಿನ ಮೂಲಕ ಹೆಣಿಗೆಯ ಅಲೆಗಳು ಸರಿಯಾಗಿ ದಾಟಲಾರವು. ಶಾಲೆಯಲ್ಲಿ ಓದಿದ್ದೆ, ಎಷ್ಟೋ ಮಂದಿಗೆ ನಾನೇ ಹೇಳಿಕೊಟ್ಟಿದ್ದೆ. ಮನೆಯಲ್ಲಿದ್ದ ಎಲ್ಲದರ ಮೇಲೂ ಅನುಮಾನಪಟ್ಟವನಿಗೆ ನನ್ನ ಸುಖದ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

"ಸ್ವಲ್ಪ ಸರಿ ಮಾಡೀನಿ" ಎಂದೆ.

ಆ ಮೂರು ಮಾತು ಇವತ್ತಿಗೂ ನನ್ನನ್ನು ಸುಡುತ್ತವೆ. ಗೋಡೆಗೆ ನೀರು ತುಂಬಿಸುವ ಮೊದಲು ಯಾರಿಗೂ ಕಾಣದಂತೆ ಎರಡನೆಯ ಗಂಟನ್ನು ಪಕ್ಕದ ಓಣಿಬಾಗಿಲಿನ ಮೇಲಕ್ಕೆ, ಮೊದಲನೆಯದಕ್ಕೆ ನೇರ ಕಾಣುವ ಹಾಗೆ ಸರಿಸಿದೆ. ನಾನೇ ತಂದಿಟ್ಟಿದ್ದ ಹೆಚ್ಚಿನ ಗಂಟನ್ನು ತೆಗೆದೆ. ಎಲ್ಲ ಸರಿಹೋಯಿತು. ಕಸ್ತೂರೆವ್ವ ತಟ್ಟೆ ತುಂಬ ಹೋಳಿಗೆ ಕಳಿಸಿದರು. ಅದನ್ನು ತುಪ್ಪ ಹಾಕಿಕೊಂಡು ತಿಂದೆ.

ಇಪ್ಪತ್ತಾರು ದಿನ ಹೀಗೆ ಕಳೆದೆ. ಜೈತುನಬಿ ಬೆಟಗೇರಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದ್ದಾರೆಂದು ನೇಕಾರರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಅಷ್ಟು ಬಲ್ಲ ಆ ಕೈಗಳು ನೂಲು ಸುತ್ತುತ್ತಿವೆ ಎಂಬುದನ್ನು ಕೇಳಿದ ಮೇಲೆ ಕೂತಿರಲು ಆಗಲಿಲ್ಲ. ಮರುದಿನ ಬೆಳಗಿನ ತಂಪಿನಲ್ಲೇ ಹೋದೆ. ಅವರು ಕುರ್ಚಿ ಕೊಟ್ಟರು, ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ.

"ಗೊತ್ತಾಗಿ ಎಷ್ಟು ದಿನ ಆತ್ರಿ?" ಎಂದು ಕೇಳಿದರು.

"ಇಪ್ಪತ್ತಾರು."

ಅವರು ಕೈಯಲ್ಲಿದ್ದ ನೂಲನ್ನು ಸುತ್ತಿ ಮುಗಿಸಿ ಪಕ್ಕಕ್ಕಿಟ್ಟರು. ಕೊನೆಗೆ ಅಂದರು, "ಗೊತ್ತಾಗದ ಮಾಡಿದ್ದು ಬಿಡ್ರಿ, ಅದು ಯಾರಿಗೂ ಆಗತೈತಿ. ಈ ಇಪ್ಪತ್ತಾರು ದಿನ ಹೆಂಗ ಬಿಡ್ಲಿ ಹೇಳ್ರಿ. ಅಂಗಳದಾಗ ಎಲ್ಲಾರ ಮುಂದ ನನ್ನ ಹೆಸರು ತಗದ್ರಿ. ನಿಮ್ಮ ಹೆಸರನೂ ಅಲ್ಲೇ ತಗೀರಿ. ನನ್ನ ಪಟ್ಟಿಯವರಿಗೂ ಬರೀರಿ."

ಅಂದೇ ಸಂಜೆ ಅಂಗಳದಲ್ಲಿ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಸ್ತೂರೆವ್ವ ಮಾತ್ರ, "ನಾನೂ ಕೈ ಎತ್ತಿದ್ನೆಲ್ಲೋ ಯಪ್ಪಾ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಕೈಮಾತಿನ ಪಟ್ಟಿಯವರಿಗೂ ಬರೆದೆ. ಅವರು ನಾಲ್ಕು ತಿಂಗಳು ವಿಚಾರಿಸಿ ಜೈತುನಬಿಯವರ ಹೆಸರನ್ನು ಮತ್ತೆ ಸೇರಿಸಿಕೊಂಡರು. ಗುಳಿಗೆ ನುಂಗಿದ ಹೆಣ್ಣುಮಗಳ ಹೆಸರು ಯಾರೂ ನನಗೆ ಹೇಳಲಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಈಗ ಹೆಣಿಗೆಯ ಹೊಣೆ ಕಸ್ತೂರೆವ್ವನದು.

ಹಿರಿಯರೇ, ನಿಮ್ಮ ಕಾಲದಲ್ಲಿ ಈ ತಪ್ಪಿಗೆ ಒಂದು ಸಿನಿಮಾ ನಡುವೆ ನಿಲ್ಲಬಹುದು, ಮನೆಯಲ್ಲಿ ಒಂದು ಜಗಳವಾಗಬಹುದು, ಅಷ್ಟೇ. ತಪ್ಪು ಇನ್ನೂ ಸಣ್ಣದಿರುವಾಗಲೇ ಅದನ್ನು ಕಂಡುಕೊಳ್ಳಿ ಎಂದು ಬೇಡಿಕೊಳ್ಳಲು ಇದನ್ನು ಬರೆದೆ. ಯಾರು ತಿನ್ನುತ್ತಿದ್ದಾರೆ ಎಂದು ಕೇಳುವ ಮೊದಲು ಎದ್ದು ನಡೆಯಿರಿ. ಒಂದೊಂದು ಡಬ್ಬಿಯ ಹತ್ತಿರವೂ ನಿಂತು ಅಳೆಯಿರಿ. ಎಲ್ಲಿ ವೇಗ ಬೀಳುತ್ತದೋ ಅಲ್ಲಿ ನೀವು ಏನು ಅಡ್ಡ ಇಟ್ಟಿದ್ದೀರಿ ನೋಡಿ.

ಜೈತುನಬಿಯವರಿಗೆ ಮರಳಿ ಬನ್ನಿ ಎಂದು ಉಳಿದ ಮೂರೂ ಮನೆಯವರು ಸೇರಿ ಹೇಳಿಕಳಿಸಿದೆವು. ಬೆಟಗೇರಿಯ ಕೋಣೆಗೆ ಗಾಳಿ ಚೆನ್ನಾಗಿದೆ, ಇಲ್ಲೇ ಇರುತ್ತೇನೆ ಎಂದು ಉತ್ತರ ಬಂತು. ಹಿಂದಿನ ಕೋಣೆಗೆ ಗಂಟನ್ನು ಮತ್ತೆ ಹಾಕಿದ್ದೇವೆ. ವಾರಕ್ಕೊಮ್ಮೆ ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ಅಳೆಯುತ್ತೇನೆ. ಪೂರ್ತಿ ಬರುತ್ತದೆ. ಅಲ್ಲಿ ಯಾರೂ ಇಲ್ಲ.