ಮುಂದಕ್ಕೆ ಬಾಗಿಸಿದ ಹ್ಯಾಂಡಲ್

ಜೂನ್ 8, ಭಾನುವಾರ. ಬೆಳಗ್ಗೆ

ಸೈಕಲ್ಲಿನ ಎರಡೂ ಟೈರಿಗೆ ಗಾಳಿ ತುಂಬಿಸಿದೆ. ಬೆರಳಲ್ಲಿ ಒತ್ತಿದರೆ ಕಲ್ಲಿನಂತಿರಬೇಕು. ಸ್ವಲ್ಪ ಮೆತ್ತಗಿದ್ದರೂ ಸುತ್ತು ಅರ್ಧಕ್ಕೇ ಸಾಯುತ್ತದೆ. ಪಂಕ್ಚರ್ ಅಂಗಡಿಯವನಿಗೆ ಪ್ರತಿಸಲವೂ ಭಯ. ಒಡೆದರೆ ನನ್ನ ಕೇಳಬೇಡಿ ಅಂದ.

ಹಿಂದಿನ ಎಡ ಪೆಗ್ಗಿನ ಟೇಪ್ ಸವೆದಿತ್ತು. ಕಿತ್ತು ಹೊಸದು ಸುತ್ತಿದೆ. ಮಿಕ್ಕ ಮೂರು ಪರವಾಗಿಲ್ಲ. ಚಕ್ರದ ಆಚೀಚೆ ಚಾಚಿರುವ ಈ ನಾಲ್ಕು ತುಂಡು ಕೊಳವೆಗಳ ಮೇಲೆಯೇ ನನ್ನ ಇಡೀ ಆಟ. ಕಾಲು ಜಾರಿದರೆ ಮೊಣಕಾಲಿನ ಚಿಪ್ಪು ಹೋಗುತ್ತದೆ.

ಗೋಪಾಲಪ್ಪನವರು ಇವತ್ತೂ ಬಂದು ನಿಂತರು. ನಮ್ಮ ವಠಾರದ ಮಾಲೀಕರು. ಈ ಮುಚ್ಚಿದ ಶೆಡ್ಡಿನ ಅಂಗಳವೂ ಅವರದೇ. ದೊಡ್ಡನೆಕ್ಕುಂದಿಯಲ್ಲಿ ಇಷ್ಟು ನುಣುಪು ಸಿಮೆಂಟ್ ನೆಲ ಇನ್ನೆಲ್ಲೂ ಇಲ್ಲ.

“ಅಲ್ಲಯ್ಯ, ಸೈಕಲ್ ಅಂದ್ರೆ ಎಲ್ಲಿಗಾದ್ರೂ ಓಗ್ಬೇಕು. ನೀವಿಬ್ರೂ ಇಲ್ಲೇ ಗಿರಗಿರ ಅಂತೀರಲ್ಲ. ತಲೆ ತಿರುಗಲ್ವಾ?”

“ಇದು ಫ್ಲಾಟ್‌ಲ್ಯಾಂಡು, ಯಜಮಾನ್ರೇ, ನಿಂತಲ್ಲೇ ಆಡೋ ಸೈಕಲ್ ಆಟ. ಎಲ್ಲಿಗೂ ಹೋಗಲ್ಲ.”

“ಅಂಗಾದ್ರೆ ಸರಿ ಬಿಡು. ಪೆಟ್ರೋಲೂ ಬ್ಯಾಡ,” ಎಂದು ಹೊರಟುಹೋದರು.

ಜೊತೆಗೆ ಆಡುತ್ತಿದ್ದ ಗೆಳೆಯ ಮುತ್ತಣ್ಣ ಬಿದ್ದು ಬಿದ್ದು ನಕ್ಕ. ಮುಂದಿನ ಚಕ್ರದ ಮೇಲೆ ನಿಂತು ಹಿಂದಕ್ಕೆ ಸುತ್ತುವುದು ಅವನಿಗೆ ಇನ್ನೂ ಕೂತಿಲ್ಲ. ನನಗೆ ಇವತ್ತು ಕೂತಿತು. ಆಮೇಲೆ ಅವನ ಮನೆಯಲ್ಲಿ ಅವನ ತಾಯಿ ಮಲಕವ್ವನ ಬಿಸಿ ರೊಟ್ಟಿ. ಒಳ್ಳೆಯ ಭಾನುವಾರ.

ಜೂನ್ 11, ಬುಧವಾರ

ಮುತ್ತಣ್ಣನ ಸೈಕಲ್ ಶೋರೂಮಿಗೆ — ಮಾರತ್ತಹಳ್ಳಿಯಲ್ಲಿ ಅವನು ಮೆಕ್ಯಾನಿಕ್ — ಸೈಕಲ್ ಕಂಪನಿಯವರು ಬಂದಿದ್ದರಂತೆ. ಫ್ಲಾಟ್‌ಲ್ಯಾಂಡ್ ಹ್ಯಾಂಡಲ್ ಒಂದನ್ನು ಮಾರುಕಟ್ಟೆಗೆ ಬಿಡುತ್ತಾರೆ. ಇಲ್ಲಿನ ರೈಡರ್ ಒಬ್ಬರ ಹೆಸರಲ್ಲಿ. ಅದಕ್ಕೆ ಮೊದಲು ‘ಬೈಕ್ ಚೆಕ್’ ವಿಡಿಯೋ. ಯಾರ ಸೈಕಲ್ ಹೇಗಿದೆ, ಯಾಕೆ ಹಾಗಿದೆ ಎಂದು ಹೇಳಬೇಕು.

ಸಂಜೆಯೆಲ್ಲ ಮುತ್ತಣ್ಣ ನನ್ನ ಸೈಕಲ್ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ್ದೇ ಕೇಳಿದ್ದು. ಹ್ಯಾಂಡಲ್ ಇಷ್ಟು ಮುಂದೆ ಯಾಕೆ? ಎಡ ಹಿಡಿಕೆ ಯಾಕೆ ದಪ್ಪ? ಬ್ರೇಕ್ ಯಾಕಿಲ್ಲ?

ಎಲ್ಲ ಹೇಳಿದೆ. ಎಡ ಮಣಿಕಟ್ಟು ಹಿಂದಕ್ಕೆ ಮಡಚುವುದಿಲ್ಲ, ಮುರಿದ ಮೂಳೆಗೆ ಹಾಕಿದ ಪ್ಲೇಟು ಒಳಗಿದೆ. ಹ್ಯಾಂಡಲ್ ನೆಟ್ಟಗಿದ್ದರೆ ಭಾರ ಹಾಕಿದಾಗ ಮಡಚಲೇಬೇಕು. ಮುಂದಕ್ಕೆ ಬಾಗಿಸಿದರೆ ಮುಷ್ಟಿ ನೇರ ನಿಲ್ಲುತ್ತದೆ, ಗೋಡೆಗೆ ಗುದ್ದುವ ಹಾಗೆ. ಆಗ ಭಾರವೆಲ್ಲ ಭುಜಕ್ಕೆ. ದಪ್ಪ ಹಿಡಿಕೆ ಯಾಕೆಂದರೆ ಬೆರಳು ಪೂರ್ತಿ ಮುಚ್ಚುವುದಿಲ್ಲ. ಬ್ರೇಕ್ ಎಳೆಯುವ ಶಕ್ತಿಯೂ ಆ ಬೆರಳಿಗಿಲ್ಲ. ಅದಕ್ಕೇ ಕಿತ್ತು ಹಾಕಿದೆ. ನಿಲ್ಲಿಸಬೇಕಾದರೆ ಟೈರಿನ ಮೇಲೆ ಶೂ ಒತ್ತುತ್ತೇನೆ. ಹಿಂದಿನ ಚಕ್ರದ ನಡುವಿನ ಹಬ್ಬು ಮಾತ್ರ ಈ ಆಟದ ಎಲ್ಲರ ಹಾಗೇ — ಚಕ್ರ ಹಿಂದಕ್ಕೆ ಉರುಳಿದರೂ ಪೆಡಲ್ ತಿರುಗುವುದಿಲ್ಲ.

ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ. ಕೋಡು ಮುಂದಾದ ಎತ್ತು ಎಂದು ನನ್ನ ಸೈಕಲ್ಲನ್ನು ಆಡಿಕೊಳ್ಳುತ್ತಿದ್ದವನು. ಖುಷಿಯಾಯಿತು. ಯಾಕೆ ಸುಳ್ಳು ಬರೆಯಲಿ, ತುಂಬಾ ಖುಷಿಯಾಯಿತು.

“ಇಬ್ಬರದೂ ತಗೀತಾರಲೇ ಹನುಮೇಶ. ಭಾನುವಾರ ನೀನೂ ಬಾ,” ಅಂದ.

ಜೂನ್ 15, ಭಾನುವಾರ

ಹೋಗಲಾಗಲಿಲ್ಲ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನಿಂತು ಒಳಗೆ ಜನ ಸಿಕ್ಕಿಕೊಂಡಿದ್ದರು. ಆಫೀಸಿಂದ ಫೋನು. ಲಿಫ್ಟ್ ಸರ್ವಿಸಿನವನಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಸೈಕಲ್ಲನ್ನು ಮುತ್ತಣ್ಣ ಒಯ್ದ. ನಿನ್ನ ಪರವಾಗಿ ನಾನೇ ಹೇಳ್ತೀನಿ ಅಂದ.

ಜೂನ್ 16

ಸೈಕಲ್ ವಾಪಸ್ ಬಂತು. ಹೊಳೆಯುವ ಹಾಗೆ ಒರೆಸಿದ್ದಾನೆ. ಸೀಟು ಎತ್ತರಿಸಿದ್ದ, ಇಳಿಸಿಕೊಂಡೆ.

ಹೇಗಾಯಿತು ಎಂದು ಕೇಳಿದೆ. “ಆತು” ಅಂದ. ಅಷ್ಟೇ.

ಜುಲೈ 4, ಶುಕ್ರವಾರ

ಅಪಾರ್ಟ್‌ಮೆಂಟಿನ ಸೂಪರ್‌ವೈಸರ್ ಪರಮಾನಂದ ಅವರು ಮಹಡಿ ಮೇಲಿನ ಲಿಫ್ಟ್ ಮೆಷಿನ್ ರೂಮಿಗೆ ಬಂದು ಫೋನ್ ತೋರಿಸಿದರು.

“ಇದು ನಿಮ್ ಫ್ರೆಂಡ್ ಅಲ್ವಾ ಗುರು? ಒಂದ್ಸಲ ಸೈಕಲ್ ತಗೊಂಡು ನಿಮ್ಮನ್ನ ನೋಡೋಕೆ ಬಂದಿದ್ರಲ್ಲ. ಪಾಪ, ಅವರ ಕೈ ಹಿಂಗಾಗಿದ್ದು ನೀವು ಹೇಳೇ ಇಲ್ಲ.”

ನೋಡಿದೆ. ನನ್ನ ಸೈಕಲ್. ಪಕ್ಕದಲ್ಲಿ ಮುತ್ತಣ್ಣ. ಎಡಗೈಗೆ ಕಪ್ಪು ಪಟ್ಟಿ. ಅವನ ಬಾಯಲ್ಲಿ ನಮ್ಮ ಊರ ಕಡೆಯ ಮಾತಲ್ಲ, ಬೆಂಗಳೂರು ಕನ್ನಡ.

“ಹೊಸೂರು ರೋಡಲ್ಲಿ ಆಕ್ಸಿಡೆಂಟ್ ಆಯ್ತು. ಎಡಗೈ ಮಡಚೋಕಾಗಲ್ಲ. ಡಾಕ್ಟ್ರು ಸೈಕಲ್ ಬಿಟ್ಬಿಡಿ ಅಂದ್ರು. ನಾನು ಬಗ್ಗಲಿಲ್ಲ. ಹ್ಯಾಂಡಲ್ ಬಗ್ಗಿಸಿದೆ.”

ಆ ಕೊನೆಯ ಮಾತು ನನ್ನದು. ಬ್ಯಾಂಡೇಜು ಬಿಚ್ಚಿದ ವಾರ ಮಲಕವ್ವನ ಅಡುಗೆಮನೆಯಲ್ಲಿ ಹೇಳಿದ್ದು. ಅವತ್ತು ಅವನು ಅಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದ.

 ಕೈಗೆ ಗ್ರೀಸ್ ಮೆತ್ತಿತ್ತು. ಒರೆಸಿದೆ, ಒರೆಸಿದೆ…

ಜುಲೈ 5

ಬರೆಯಲಾರೆ.

ಜುಲೈ 6, ಭಾನುವಾರ

ಅಂಗಳಕ್ಕೆ ಅವನೇ ಮೊದಲು ಬಂದಿದ್ದ. ಅವನ ಸೈಕಲ್ ಹ್ಯಾಂಡಲ್ಲೂ ಮುಂದಕ್ಕೆ ಬಾಗಿತ್ತು. ಬ್ರೇಕ್ ತೆಗೆದಿದ್ದ. ಎಡ ಹಿಡಿಕೆಗೆ ಟೇಪ್ ಸುತ್ತಿ ದಪ್ಪ ಮಾಡಿದ್ದ.

“ವಿಡಿಯೋ ನೋಡಿದೆ,” ಅಂದೆ.

“ಹೇಳಬೇಕಂತ ಇದ್ದೆ.”

“ಯಾವಾಗ?”

 ಪೆಡಲ್ಲನ್ನು ಕಾಲಲ್ಲಿ ತಿರುಗಿಸುತ್ತ ನಿಂತ. ಆಮೇಲೆ ಶುರು ಮಾಡಿದ. ಕಂಪನಿಯವರಿಗೆ ಬರೀ ಸೈಕಲ್ ಸಾಲದಂತೆ, ಅದರ ಹಿಂದೆ ಒಂದು ಕಥೆ ಬೇಕಂತೆ. ಕ್ಯಾಮರಾ ಮುಂದೆ ನಿಂತಾಗ, ಈ ಹ್ಯಾಂಡಲ್ ಯಾಕೆ ಹೀಗೆ ಎಂದು ಕಂಪನಿಯ ಮೇಡಂ ಒಬ್ಬರು ಕೇಳಿದರಂತೆ. ಬಾಯಿಂದ ‘ನನ್ನ ಕೈ’ ಎಂದೇ ಬಂತಂತೆ. ಒಮ್ಮೆ ಬಂದಮೇಲೆ ತಿದ್ದಲು ಆಗಲಿಲ್ಲವಂತೆ.

“ಬಾಯಿ ತಪ್ಪಿ ಬಂತು ಅಂತೀ. ಆ ಕಪ್ಪು ಪಟ್ಟಿ? ಅದನ್ನ ಮನಿಂದ ಒಯ್ದಿದ್ದೆಲ್ಲ.”

ಮುಖ ಕೆಂಪಾಯಿತು. ಆಮೇಲೆ ಅವನು ಅಂದದ್ದನ್ನು ಹಾಗೇ ಬರೆಯುತ್ತೇನೆ.

“ಅವತ್ತು ಗಾಡಿ ಹೊಡದಾಂವ ನಾನು. ನೀ ಹಿಂದ ಕುಂತಿದ್ದಿ. ನಿನ್ನ ಕೈ ನೋಡಿದಾಗೆಲ್ಲ ನನಗ ಏನಾಗ್ತೈತಿ, ನಿನಗ ಗೊತ್ತೈತೇನು? ಆ ನೋವು ನಂದೂ ಹೌದಲೇ.”

“ನೋವು ನಿಂದೂ ಹೌದು ಅಂತ ಹೇಳಬೇಕಿತ್ತು. ಕೈ ನಿಂದು ಅಂತ ಹೇಳಬಾರದಿತ್ತು.”

ಆ ಅಪಘಾತದ ಬಗ್ಗೆ ಒಂದು ದಿನವೂ ಅವನಿಗೆ ಒಂದು ಮಾತು ಅಂದವನಲ್ಲ ನಾನು. ನಾಯಿ ಅಡ್ಡ ಬಂತು, ಯಾರು ಗಾಡಿ ಓಡಿಸಿದ್ದರೂ ಬೀಳುತ್ತಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಾಯಿ ಇರಲೇ ಇಲ್ಲ. ಅವನು ಫೋನ್ ನೋಡುತ್ತಿದ್ದ.

ಸೈಕಲ್ ಹತ್ತದೆ ವಾಪಸ್ ಬಂದೆ.

ಜುಲೈ 9, ಬುಧವಾರ. ಸಂಜೆ

ಮೂರು ದಿನದಿಂದ ಹೋಟೆಲಿನಲ್ಲಿ ಊಟ. ಇವತ್ತು ಮಲಕವ್ವ ತಾನೇ ನನ್ನ ರೂಮಿಗೆ ಬಂದಳು. ರೊಟ್ಟಿ, ಪುಂಡಿಪಲ್ಲೆ. ಬಾಗಿಲಲ್ಲೇ ಕೂತಳು.

ಅವನ ತಾಯಿ. ಆದರೂ ಇವಳೊಬ್ಬಳಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡಿದ್ದೆ. ಕೈಗೆ ಪ್ಲಾಸ್ಟರ್ ಇದ್ದಾಗ ನನ್ನ ಅಂಗಿಯ ಗುಂಡಿ ಹಾಕುತ್ತಿದ್ದವಳು ಇವಳು. ಬಟ್ಟೆ ಹಿಂಡಿ ಹಾಕುತ್ತಿದ್ದವಳು.

“ಅವ್ವ, ಆ ವಿಡಿಯೋ ನೋಡೀಯೇನು?”

“ನೋಡೀನಿ. ಎಲ್ಲಾರಿಗಿಂತ ಮೊದಲ ನನಗ ತೋರಿಸಿದ.”

“ಅದು ಯಾರ ಕೈ ಅಂತ ನಿನಗ ಗೊತ್ತಿಲ್ಲೇನು?”

“ಗೊತ್ತಿರದ ಏನು. ನಾನ ಎಣ್ಣಿ ತಿಕ್ಕಿದ ಕೈ ಅದು.”

ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು. ಅದು ಒರೆಸಿಯೇ ಇತ್ತು.

“ಓಣ್ಯಾಗ ಎಲ್ಲಾರೂ ಕರದು ಮಾತಾಡಸಾಕತ್ತಾರ, ಮುತ್ತಣ್ಣನ ತಾಯಿ ಅಂತ. ಊರಿಂದ ಫೋನ್ ಬರಾಕತ್ತಾವ. ನೀ ಬಾಯಿ ಬಿಟ್ಟಿ ಅಂದ್ರ ಅವ ಎಲ್ಲಾರ ಮುಂದ ಸುಳ್ಳ ಆಗ್ತಾನ. ನೀ ತಡಕೊಳ್ಳಾಂವ ಇದ್ದಿ, ಯಪ್ಪಾ. ಅವಗ ಅದು ಬರಂಗಿಲ್ಲ.”

ರೊಟ್ಟಿ ತಿಂದೆ. ತಿನ್ನದಿದ್ದರೆ ಅವಳು ಏಳುತ್ತಿರಲಿಲ್ಲ.

ತಡೆದುಕೊಳ್ಳುವವನು. ಅದಕ್ಕೇ ಇದೂ ನನ್ನ ಪಾಲಿಗೆ.

ಜುಲೈ 20, ಭಾನುವಾರ

ಹೋಗಬಾರದಿತ್ತು. ವೈಟ್‌ಫೀಲ್ಡಿನ ಮಾಲ್ ಹಿಂದಿನ ಪಾರ್ಕಿಂಗಿನಲ್ಲಿ ಜಾಮ್ — ಊರಿನ ರೈಡರುಗಳೆಲ್ಲ ಸೇರುವ ದಿನ. ಪ್ರತಿವರ್ಷ ಹೋಗುತ್ತೇನೆ, ಅವನಿಗೋಸ್ಕರ ಯಾಕೆ ಬಿಡಲಿ ಎಂದು ಹೋದೆ.

ಚೆನ್ನಾಗಿಯೇ ಓಡಿಸಿದೆ. ಹಿಂದಕ್ಕೆ ಸುತ್ತು, ಅಲ್ಲಿಂದ ಹಿಂದಿನ ಪೆಗ್ಗಿಗೆ, ಒಂದು ಸಲವೂ ಕಾಲು ನೆಲಕ್ಕಿಲ್ಲ. ಚಪ್ಪಾಳೆ ಬಿತ್ತು. ಕಾಲೇಜು ಹುಡುಗನೊಬ್ಬ ಹತ್ತಿರ ಬಂದು ನನ್ನ ಹ್ಯಾಂಡಲ್ ಮುಟ್ಟಿ ನೋಡಿದ.

“ಬ್ರೋ, ಮುತ್ತಣ್ಣ ಸೆಟಪ್ ಅಲ್ವಾ ಇದು? ಡಿಟ್ಟೋ ಕಾಪಿ ಮಾಡಿದ್ದೀರಾ, ಸಕ್ಕತ್ತಾಗಿದೆ. ಆದ್ರೆ ಅವರಿಗೆ ಕೈ ಪ್ರಾಬ್ಲಂ ಇದೆ. ನಿಮಗ್ಯಾಕೆ?”

ಕೆಟ್ಟ ಹುಡುಗನಲ್ಲ. ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ.

ಮುತ್ತಣ್ಣ ನಾಲ್ಕು ಹೆಜ್ಜೆ ಆಚೆ ಇದ್ದ. ಕೇಳಿಸಿತು ಅವನಿಗೆ. ನಮ್ಮಿಬ್ಬರ ಕಣ್ಣು ಕೂಡಿತು. ಒಂದು ಮಾತು ಸಾಕಿತ್ತು — ಇಲ್ಲಪ್ಪ, ಕಾಪಿ ಮಾಡಿದಾಂವ ನಾನು. ನಗುತ್ತ ಅಂದಿದ್ದರೂ ಸಾಕಿತ್ತು.

ಬಗ್ಗಿ ಶೂ ಲೇಸ್ ಕಟ್ಟಿಕೊಂಡ. ಎರಡೂ ಕೈಯಲ್ಲಿ.

ಜುಲೈ 22, ಮಂಗಳವಾರ. ಬೆಳಗ್ಗೆ

ಹ್ಯಾಂಡಲ್ ಬೋಲ್ಟ್ ಸಡಿಲಿಸಿ ನೆಟ್ಟಗೆ ಮಾಡಿದೆ. ಎಲ್ಲರ ಸೈಕಲ್ಲಿನ ಹಾಗೆ. ಅವನ ಹೆಸರು ಅಂಟಿದ್ದು ನನಗೆ ಬೇಡ ಎಂದು.

ಮೊದಲ ಸುತ್ತಿಗೇ ಮಣಿಕಟ್ಟು ಕಡಿಯಿತು. ಹಲ್ಲು ಕಚ್ಚಿ ಇನ್ನೊಂದು ಸಲ ನೋಡಿದೆ. ಕೈ ಬಿಟ್ಟುಹೋಗಿ ಮೊಣಕೈ ಮೇಲೆ ಬಿದ್ದೆ. ಪ್ಲೇಟಿನ ಜಾಗದಲ್ಲಿ ಈಗ ಊದಿದೆ.

ಮತ್ತೆ ಮುಂದಕ್ಕೆ ಬಾಗಿಸಿದೆ.

ಅವನು ಬೇಕಾದಾಗ ನೆಟ್ಟಗೆ ಮಾಡಿಕೊಳ್ಳಬಹುದು. ಪಟ್ಟಿ ಬಿಚ್ಚಿಡಬಹುದು. ನನಗೆ ಮಾತ್ರ ಬಿಡುವ ಹಾಗಿಲ್ಲ.

ಆಗಸ್ಟ್ 2, ಶನಿವಾರ

ಕಂಪನಿಗೆ ನಾನೇ ಫೋನ್ ಮಾಡಿದ್ದೆ. ವಿಡಿಯೋ ತೆಗೆಸಿದ ದಿವ್ಯಾ ಮೇಡಂ ಮಾರತ್ತಹಳ್ಳಿಯ ಒಂದು ದರ್ಶಿನಿಗೆ ಬಂದರು. ಎಲ್ಲ ಹೇಳಿದೆ. ಅವರು ಏನೂ ಕೇಳುವ ಮೊದಲೇ ಎರಡೂ ಅಂಗೈಗಳನ್ನು ಟೇಬಲ್ ಮೇಲೆ ಊರಿ ಮುಂದಕ್ಕೆ ಬಾಗಿದೆ. ಬಲಗೈ ಮಡಚಿತು. ಎಡದ್ದು ಮಡಚದೆ ಅಂಗೈ ಮೇಲೆದ್ದು ನಿಂತಿತು.

 ಕಾಫಿ ತಣ್ಣಗಾಯಿತು.

“ನಮಗೆ ಗೊತ್ತಿರಲಿಲ್ಲ, ಸಾರ್. ರಿಯಲಿ ಸಾರಿ. ಆದ್ರೆ ಬಾಕ್ಸ್ ಎಲ್ಲಾ ಪ್ರಿಂಟ್ ಆಗ್ಬಿಟ್ಟಿದೆ, ಅವರ ಫೋಟೋ ಹಾಕಿ. ಈಗ ಸುಳ್ಳು ಅಂದ್ರೆ ನಮ್ಮ ಹೆಸರೂ ಹೋಗುತ್ತೆ.” ಲೋಟ ಪಕ್ಕಕ್ಕೆ ಸರಿಸಿ, “ಒಂದು ಕೆಲಸ ಮಾಡೋಣ. ನಿಮ್ಮಿಬ್ಬರದ್ದೂ ಸೇರಿಸಿ ಇನ್ನೊಂದು ವಿಡಿಯೋ. ಫ್ರೆಂಡ್‌ಶಿಪ್ ಸ್ಟೋರಿ ಥರ. ಅವರ ಕಷ್ಟದಲ್ಲಿ ನೀವು ಜೊತೆಗಿದ್ರಿ ಅಂತ.”

“ಯಾರ ಕಷ್ಟದಲ್ಲಿ, ಮೇಡಂ?”



ಬೇಡ ಅಂದು ಎದ್ದೆ. ಬಸ್ ಸ್ಟಾಪಿನವರೆಗೂ ಬಂದರು. ಮುತ್ತಣ್ಣ ಅವರ ಹತ್ರ ಮಾತಾಡ್ತೀನಿ ಅಂದರು. ಮಾತಾಡಿದ್ದಾರೆ. ಸಂಜೆ ಅವನು ನನ್ನ ಬಾಗಿಲು ಬಡಿದ.

“ಕಂಪನಿ ತನಕ ಹ್ವಾದೆಲ್ಲ. ನನಗ ಹೇಳಿದ್ದರ ಆಗ್ತಿದ್ದಿಲ್ಲೇನು? ದೋಸ್ತ ಅಂತ ನಂಬಿದ್ದೆ ನಿನ್ನ.”

ಬಾಗಿಲ ಆಚೆ ನಿಂತು ಅಂದ. ನಿಜವಾಗಿಯೂ ನೊಂದುಕೊಂಡಿದ್ದ.  ನಾನು ಮೋಸ ಮಾಡಿದೆ ಎಂದೇ ಅವನು ನಂಬಿಕೊಂಡುಬಿಟ್ಟಿದ್ದಾನೆ.

ಅಷ್ಟು ಹೊತ್ತೂ ನನಗೆ ಸಿಟ್ಟಿತ್ತು. ಆಮೇಲೆ ಅದೂ ಇಲ್ಲ.

ಸೆಪ್ಟೆಂಬರ್ 14, ಭಾನುವಾರ. ಅತ್ತಿಬೆಲೆ

ಬಹಳ ದಿನವಾಯಿತು ಬರೆದು. ವರ್ಗ ಕೇಳಿದ್ದೆ, ಸಿಕ್ಕಿತು. ಇಲ್ಲಿನ ಫ್ಯಾಕ್ಟರಿಗಳ ಗೂಡ್ಸ್ ಲಿಫ್ಟುಗಳು ಈಗ ನನ್ನವು. ರೂಮು ಚಿಕ್ಕದು, ಸೈಕಲ್ ಮಂಚದ ಪಕ್ಕ ನಿಲ್ಲುತ್ತದೆ. ದೊಡ್ಡನೆಕ್ಕುಂದಿ ಬಿಡುವ ದಿನ ಗೋಪಾಲಪ್ಪನವರು, “ಯಾಕಯ್ಯ, ಎಲ್ಲಿಗೂ ಓಗಲ್ಲ ಅಂದಿದ್ಯಲ್ಲ,” ಅಂದರು. ಮಲಕವ್ವ ಹೊರಗೆ ಬರಲಿಲ್ಲ.

ಹ್ಯಾಂಡಲ್ ಅಂಗಡಿಗೆ ಬಂದಿದೆ. ಮುತ್ತಣ್ಣನ ಹೆಸರಲ್ಲೇ. ಚೆನ್ನಾಗಿ ಹೋಗುತ್ತಿದೆಯಂತೆ. ಅವನು ಮಾತ್ರ ತನ್ನದನ್ನು ನೆಟ್ಟಗೆ ಮಾಡಿಕೊಂಡಿದ್ದಾನೆ, ಮುಂದಕ್ಕೆ ಬಾಗಿಸಿದರೆ ಭುಜ ನೋಯುತ್ತದಂತೆ. ಕೇಳಿ ನಗು ಬರಲಿಲ್ಲ.

ಖಾಲಿ ಗೋಡೌನಿನ ಮುಂದೆ ಒಳ್ಳೆಯ ನೆಲ ಸಿಕ್ಕಿದೆ. ಕಾವಲಿಗೆ ಶೇಖವ್ವ, ಯಲಬುರ್ಗಿ ಕಡೆಯವಳು. ನಮ್ಮ ಊರ ಮಾತು ಕಿವಿಗೆ ಬಿದ್ದು ಎಷ್ಟೋ ದಿನವಾಗಿತ್ತು. ನಾನು ಸೈಕಲ್ ಆಡಿಸುವುದನ್ನು ನೋಡುತ್ತ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ನಾನು ನೀರು ಕುಡಿಯಲು ನಿಂತಾಗ ಕೇಳಿದಳು.

“ಯಪ್ಪಾ, ನಿನ್ನ ಸೈಕಲ್ಲಿನ ಹಿಡಿಕಿ ಯಾಕ ಹಿಂಗ ಮುಂದ ಬಗ್ಗೈತಿ?”

ಅವಳು ಯಾವ ವಿಡಿಯೋ ನೋಡಿದವಳಲ್ಲ. ಅವಳ ಹತ್ತಿರ ಬಟನ್ ಫೋನು. ಯಾರ ಹೆಸರೂ ಅಡ್ಡ ಬರುವುದಿಲ್ಲ ಇವಳ ಮುಂದೆ ಅನ್ನಿಸಿತು. ಹೇಳಬಹುದು ಅನ್ನಿಸಿತು.

“ಈ ಕೈ ಮಡಚಂಗಿಲ್ಲ ಅವ್ವ. ಗಾಡಿ ಮ್ಯಾಲಿಂದ ಬಿದ್ದಿದ್ದೆ.”

“ನೀನ ಹೊಡಿತಿದ್ದೇನು?”

“ಇಲ್ಲ. ನಾ ಹಿಂದ ಕುಂತಿದ್ದೆ. ಹೊಡಿತಿದ್ದಾಂವ ನನ್ನ…”

ಕಾದಳು. ಮುಂದಿನ ಮಾತು ನನ್ನ ಬಾಯಿಗೆ ಬರಲಿಲ್ಲ. ಬಾಟಲಿ ಮುಚ್ಚಳ ಹಾಕಿ ಮತ್ತೆ ಸೈಕಲ್ ಹತ್ತಿದೆ.

ಬರೆದರಾದರೂ ಬರುತ್ತದೇನೋ ಎಂದು ಈಗ ಕೂತಿದ್ದೇನೆ. ಗಾಡಿ ಹೊಡೆಯುತ್ತಿದ್ದವನು ನನ್ನ…