ಮೈಕಕ್ಕ ಯಾವ ಭಾಷೆಯಲ್ಲಿ ಎಣಿಸಬೇಕು?

ವಲಸೆ ಖಾತೆಯ ಸಚಿವರೂ ಪಕ್ಷದ ಪ್ರಚಾರ ಸಮಿತಿಯ ಅಧ್ಯಕ್ಷರೂ ಆಗಿರುವ ತಮಗೆ,

ಮಾನ್ಯರೇ, ಆ ಎರಡು ಕುರ್ಚಿಗಳಲ್ಲಿ ಯಾವುದರ ಮೇಲೆ ಕೂತು ಇದನ್ನು ಓದುತ್ತಿದ್ದೀರೋ ನನಗೆ ಗೊತ್ತಿಲ್ಲ. ಆದ್ದರಿಂದ ಎರಡಕ್ಕೂ ಸೇರಿಸಿಯೇ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ. ಲಕ್ವ ಹೊಡೆದು ಮಾತು ನಿಂತುಹೋಗಿರುವ ನನ್ನ ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ಹೆಂಗಸು ಗಡಿಯಾಚೆಯವಳು. ಅವಳ ವಾಸದ ಪರವಾನಗಿ ಮುಗಿಯುತ್ತಾ ಬಂದಿದೆ. ಅದನ್ನು ಮುಂದುವರಿಸಿ ಎಂದು ಕೊಟ್ಟ ಅರ್ಜಿ ತಮ್ಮ ಇಲಾಖೆಯಲ್ಲಿ ಸುಖವಾಗಿ ಮಲಗಿದೆ. ಹೌದು ಅನ್ನುವವರಿಲ್ಲ, ಇಲ್ಲ ಅನ್ನುವವರೂ ಇಲ್ಲ. ಕಾರಣ ಕೇಳಿದರೆ, ಚುನಾವಣೆಯಂತೆ. ಚುನಾವಣೆಗೂ ನನ್ನ ಹೆಂಡತಿಯನ್ನು ಹಾಸಿಗೆಯಿಂದ ಎಬ್ಬಿಸುವುದಕ್ಕೂ ಏನು ಸಂಬಂಧ ಅಂತ ತಾವೇ ನನಗೆ ತಿಳಿಸಿಕೊಡಬೇಕು.

ನಾನು ತಮಗೆ ಅಪರಿಚಿತನಲ್ಲ, ಮುಖ ನೆನಪಿಲ್ಲದಿರಬಹುದು ಅಷ್ಟೇ. ತಮ್ಮ ಸಭೆಗಳಿಗೆ ಮೈಕ್ ಸೆಟ್ ಹಾಕುವವನು. ವೇದಿಕೆಯ ಎಡಗಡೆ, ಪರದೆಯ ಹಿಂದೆ, ವೈರುಗಳ ನಡುವೆ ಒಂದು ಸ್ಟೂಲ್ ಹಾಕಿಕೊಂಡು ಕೂತಿರುತ್ತೇನೆ. ಭಾಷಣದ ಮಧ್ಯೆ ಮೈಕು ಕುಯ್ ಅಂದಾಗ ತಾವು ತಿರುಗಿ ಗುರಾಯಿಸುವುದು ನನ್ನನ್ನೇ. ನನ್ನ ಹೆಂಡತಿಯನ್ನಂತೂ ತಾವು ಮರೆತಿರಲಾರಿರಿ. ಪಕ್ಷದವರೆಲ್ಲ ಮೈಕಕ್ಕ ಅಂತ ಕರೆಯುವುದು ಅವಳನ್ನೇ. ತಾವು ಮೊದಲ ಸಲ ಚುನಾವಣೆಗೆ ನಿಂತಾಗ ನನಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಮೈಕ್ ಟೆಸ್ಟ್ ಮಾಡಲು ಅವಳನ್ನು ನಿಲ್ಲಿಸಿದೆ. ಒಂದರಿಂದ ಹತ್ತರವರೆಗೆ ಎಣಿಸಿದಳು, ಅಷ್ಟೇ. ಮೈದಾನದಾಚೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದವರು ಇಳಿದು ನಿಂತರು. ತಾವು ಗೆದ್ದಿರಿ. ಅವತ್ತಿನಿಂದ ಮೈಕಕ್ಕ ಎಣಿಸದೆ ತಾವು ವೇದಿಕೆಯ ಮೆಟ್ಟಿಲು ಹತ್ತಿದ್ದೇ ಇಲ್ಲ. ತಾವು ವಿಚಾರವಂತರು, ಇಂಥದ್ದನ್ನೆಲ್ಲ ನಂಬುವವರಲ್ಲ. ನಂಬುವುದಿಲ್ಲ ಅಂತ ನಗುತ್ತಲೇ ಮೆಟ್ಟಿಲ ಕೆಳಗೆ ಕೈಕಟ್ಟಿಕೊಂಡು ಕಾಯುತ್ತಿದ್ದಿರಿ.

ಎಣಿಕೆ ಮುಗಿದ ಮೇಲೆ ಘೋಷಣೆಯೂ ಅವಳದೇ. “ನಮ್ಮ ಮನೆ, ನಮ್ಮ ಬಾಗಿಲು! ಹೊರಗಿನವರು ಹೊರಗೆ!” ಎಂಥ ದನಿ ಸ್ವಾಮಿ ಅದು! ಮನೆಯಲ್ಲಿ ನನ್ನನ್ನು ಊಟಕ್ಕೆ ಕರೆದರೆ ಪಕ್ಕದ ಬೀದಿಯ ಗಂಡಸರು ಕೈ ತೊಳೆಯುತ್ತಿದ್ದರು. ಅಂಥವಳು ಹೋದ ವರ್ಷ ಒಂದು ಬೆಳಿಗ್ಗೆ ಬಾಗಿಲ ಚಿಲಕಕ್ಕೆ ಕೈ ಹಾಕಿದವಳು ಹಾಗೇ ಕುಸಿದಳು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಬುದ್ಧಿ ಚೆನ್ನಾಗಿದೆ, ಎಲ್ಲ ಅರ್ಥವಾಗುತ್ತದೆ, ನಗುತ್ತಾಳೆ, ಸಿಟ್ಟೂ ಬರುತ್ತದೆ. ಬಾಯಿ ತೆರೆದರೆ ಮಾತ್ರ ಗಾಳಿ. ಪಕ್ಷದ ವತಿಯಿಂದ ಒಂದು ಹೂಗುಚ್ಛ ಬಂತು, ತಮ್ಮ ಫೋಟೋ ಸಮೇತ. ಹೆಂಡತಿಯ ಫೋಟೋ ಇರಲಿಲ್ಲ, ಅದಕ್ಕೆ ಬೇಸರವಿಲ್ಲ.

“ನಮ್ಮವರ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ” ಅಂತ ತಾವು ಹೇಳುವಾಗಲೆಲ್ಲ ಪರದೆಯ ಹಿಂದೆ ಕೂತು ನಾನೂ ಕೇಳಿದ್ದೇನೆ. ಆ ಕೆಲಸಕ್ಕೆ ನಮ್ಮವರನ್ನು ಹುಡುಕಿ ನಾನು ಎಷ್ಟು ಅಲೆದೆ ಅಂತ ಯಾರೂ ಕೇಳಲಿಲ್ಲ. ನಮ್ಮವಳೇ ಒಬ್ಬಳು ಬಂದಳು, ಪಾಪ ಒಳ್ಳೆಯವಳೇ. ಮಧ್ಯಾಹ್ನ ಹಾಸಿಗೆ ಬದಲಾಯಿಸುವ ಹೊತ್ತಿಗೆ ಮೂಗು ಮುಚ್ಚಿಕೊಂಡು, ಇದು ನನ್ನ ಕೈಲಾಗಲ್ಲ ಅಂತ ಚಪ್ಪಲಿ ಮೆಟ್ಟಿದಳು. ಇನ್ನೊಬ್ಬಳು ಬರುತ್ತೇನೆ ಅಂದವಳು ಪತ್ತೆಯೇ ಇಲ್ಲ. ಕೊನೆಗೆ ಬಂದವಳು ಇವಳು, ಗಡಿಯಾಚೆಯ ಈ ಆರೈಕೆಯವಳು. ನಮ್ಮ ಭಾಷೆಯಲ್ಲಿ ಅವಳಿಗೆ ಆಗ ಬರುತ್ತಿದ್ದದ್ದು ಅಣ್ಣ, ಅಕ್ಕ, ನೀರು, ಬೇಡ. ಈಗ ನನ್ನನ್ನು ಬೈಯುವಷ್ಟು ಕಲಿತಿದ್ದಾಳೆ. ಅಕ್ಕನ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ, ಅಕ್ಕನ ಎದುರು ಮುಖ ಸಪ್ಪೆ ಮಾಡುವಂತಿಲ್ಲ, ಅಕ್ಕನ ಪರವಾಗಿ ನಾನು ಉತ್ತರ ಕೊಡುವಂತಿಲ್ಲ. “ಅಕ್ಕನ್ನ ಕೇಳಿದ್ದು, ನಿಮ್ಮನ್ನಲ್ಲ” ಅಂತ ಬಾಯಿ ಮುಚ್ಚಿಸುತ್ತಾಳೆ. ಮದುವೆಯಾದಾಗಿನಿಂದ ಇಂಥ ಮಾತು ಕೇಳುತ್ತಾ ಬಂದವನು ನಾನು, ಮನೆಯಲ್ಲಿ ಮತ್ತೆ ಆ ಧಾಟಿ ಕೇಳಿಸಿದ್ದೇ ಸಮಾಧಾನವಾಯಿತು.

ಒಂದು ದಿನ ಮನೆಯ ಮುಂದಿನ ಅಂಗಡಿಯಲ್ಲಿ ಕೂತು ಹಳೆಯ ಆಂಪ್ಲಿಫೈಯರ್ ಒಂದನ್ನು ರಿಪೇರಿ ಮಾಡುತ್ತಿದ್ದೆ. ಪರೀಕ್ಷೆಗೆ ಅಂತ ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದೆ. ತಮ್ಮದೇ ಯಾವುದೋ ಸಭೆಯದು. ಇದ್ದಕ್ಕಿದ್ದಂತೆ ನನ್ನ ಹೆಂಡತಿಯ ದನಿ ಗೋಡೆ ಅದುರುವ ಹಾಗೆ ಬಂತು. ಹೊರಗಿನವರು ಹೊರಗೆ, ಹೊರಗಿನವರು ಹೊರಗೆ. ನಾನು ಆರಿಸಬೇಕು ಅನ್ನುವಷ್ಟರಲ್ಲಿ ಆರೈಕೆಯವಳು ಒಳಗಿನಿಂದ ಬಂದಳು, ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಇದು ಅಕ್ಕನ ದನಿಯಾ ಅಂತ ಕೇಳಿದಳು. ಹೌದು ಅಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಮಾತಿನ ಅರ್ಥ ಅವಳಿಗೆ ಆಗುವುದಿಲ್ಲ ಅಂತ ಸುಳ್ಳೇ ಧೈರ್ಯ ತಂದುಕೊಂಡೆ. ಅವಳು ಬಾಗಿಲಿಗೆ ಒರಗಿ ಕ್ಯಾಸೆಟ್ ಮುಗಿಯುವ ತನಕ ಕೇಳಿದಳು. ಆಮೇಲೆ ಹೇಳಿದಳು, “ಮಾತು ಗೊತ್ತಾಯ್ತು ಅಣ್ಣ. ಇರಲಿ. ದನಿ ಎಷ್ಟು ಚೆನ್ನಾಗಿದೆ ನೋಡಿ. ಇದನ್ನ ವಾಪಸ್ ತರ್ಬೇಕು.”

ಮಾನ್ಯರೇ, ತಮ್ಮ ಇಲಾಖೆ ಪರದೇಶದವರ ನಡತೆ, ನಿಷ್ಠೆ, ಹೊಂದಾಣಿಕೆ ಅಂತೆಲ್ಲ ಪರೀಕ್ಷೆ ಮಾಡುತ್ತದೆಯಂತಲ್ಲ, ಇದಕ್ಕೆ ಎಷ್ಟು ಅಂಕ ಕೊಡುತ್ತೀರಿ?

ಅವಳ ಕೆಲಸಕ್ಕೆ ಒಂದು ರೀತಿಯಿದೆ. ಹಾಸಿಗೆಯಿಂದ ಎಬ್ಬಿಸುವಾಗ, ಕುರ್ಚಿಗೆ ಸರಿಸುವಾಗ, ಹೆಂಡತಿಯ ಕಂಕುಳಿಗೆ ಕೈ ಕೊಟ್ಟು ಎಣಿಸುತ್ತಾಳೆ. ಮೂರಕ್ಕೆ ಇಬ್ಬರೂ ಒಟ್ಟಿಗೆ ಏಳಬೇಕು. ನಡೆಸುವಾಗಲೂ ಅಷ್ಟೇ, ಹೆಜ್ಜೆಗೊಂದು ಅಂಕಿ, ಹತ್ತಾದರೆ ಮತ್ತೆ ಒಂದು. ಭಾರ ಎತ್ತುವಾಗ ಯಾರ ಬಾಯಿಗೂ ಕಲಿತ ಭಾಷೆ ಬರುವುದಿಲ್ಲ ನೋಡಿ, ಅವಳು ಎಣಿಸುವುದು ತನ್ನ ಭಾಷೆಯಲ್ಲಿ. ದಿನವೂ, ಹೊತ್ತುಹೊತ್ತಿಗೂ. ಒಂದು ಬೆಳಿಗ್ಗೆ ಅವಳಿಗೆ ಕೆಮ್ಮು ಬಂತು. ಎರಡು ಅಂದವಳು ಕೆಮ್ಮುತ್ತಾ ನಿಂತುಬಿಟ್ಟಳು. ಮೂರು ಅಂತ ಹೇಳಿದ್ದು ನನ್ನ ಹೆಂಡತಿ. ಆರೈಕೆಯವಳ ಭಾಷೆಯಲ್ಲಿ. ಹೇಳಿ, ಎದ್ದು ನಿಂತಳು.

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಈಗ ಹೆಂಡತಿ ಹತ್ತರವರೆಗೂ ಎಣಿಸುತ್ತಾಳೆ, ಆರೈಕೆಯವಳು ಕೈ ಹಿಡಿದಿದ್ದರೆ. ನಮ್ಮ ಭಾಷೆಯಲ್ಲಿ ಒಂದು ಅನ್ನು ಅಂತ ನಾನು ಕೂತು ಹೇಳಿಕೊಟ್ಟೆ. ಬರಲಿಲ್ಲ, ಅವಳ ಕಣ್ಣಲ್ಲಿ ನೀರು ಬಂತು, ಬಿಟ್ಟುಬಿಟ್ಟೆ. ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಹೇಳಿದ್ದು, ಬೇರೆ ಮಾತು ಹೋದರೂ ಎಣಿಕೆ, ಹಾಡು ಇಂಥವು ಕೆಲವರಲ್ಲಿ ಮೊದಲು ಹಿಂದಿರುಗುತ್ತವಂತೆ, ಅದನ್ನು ಹಿಡಿದುಕೊಂಡೇ ಉಳಿದ ಮಾತಿಗೆ ಹೋಗಬೇಕಂತೆ. “ಯಾವ ಭಾಷೆ ಅಂತ ತಲೆ ಕೆಡಿಸ್ಕೋಬೇಡಿ. ಈಗ ಈ ಕೈ ಮಾತ್ರ ಬದಲಾಯಿಸಬೇಡಿ” ಅಂದರು. ಬದಲಾದರೆ ಬಂದದ್ದೂ ಹೋಗಬಹುದಂತೆ.

ಆ ಕೈಯನ್ನು ಉಳಿಸಿಕೊಳ್ಳಲು ತಮ್ಮ ಕಚೇರಿಗೆ ಹೋದೆ. ಕಿಟಕಿಯೊಳಗಿನ ಗುಮಾಸ್ತರು ಸಭ್ಯರು. ಅರ್ಜಿ ಸರಿಯಾಗಿದೆ, ಏನೂ ಕೊರತೆಯಿಲ್ಲ ಅಂದರು. ಮತ್ತೆ ಯಾಕೆ ತಡ ಅಂದದ್ದಕ್ಕೆ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು, “ಈಗ ಮೇಲಿಂದ ಏನೂ ಬರಲ್ಲ ಸರ್. ಕೊಟ್ರೆ ಆ ಕಡೆಯವರು ಬೊಬ್ಬೆ ಹೊಡೀತಾರೆ, ಕೊಡದಿದ್ರೆ ಈ ಕಡೆಯವರು. ಸುಮ್ಮನಿದ್ರೆ ಯಾರೂ ಕೇಳಲ್ಲ.” ಎಷ್ಟು ಸೊಗಸಾದ ನೀತಿ! ಚರ್ಚೆ ನಡೆಯಬೇಕು, ತೀರ್ಮಾನ ಆಗಬಾರದು. ದಿನಾ ಸಂಜೆ ಟೀವಿಯಲ್ಲಿ ಗಂಟಲು ಹರಿದುಕೊಳ್ಳುವ ವಿಷಯಕ್ಕೆ ಬೆಳಿಗ್ಗೆ ಕಚೇರಿಯಲ್ಲಿ ಒಂದು ಸಹಿ ಹಾಕಲು ಕೈ ನಡುಗುತ್ತದೆ. ತಮಗೆ ಬೇಕಾಗಿರುವುದು ಉತ್ತರವಲ್ಲ, ಪ್ರಶ್ನೆ ಹಾಗೇ ಉರಿಯುತ್ತಿರಬೇಕು. ಉರಿದರೆ ತಾನೇ ತಾವು ಕೈ ಕಾಯಿಸಿಕೊಳ್ಳುವುದು?

ಕಾಯಿಸಿಕೊಳ್ಳಿ, ಬೇಡವೆನ್ನಲು ನಾನ್ಯಾರು? ಆದರೆ ಅದರಿಂದ ತಮಗೆ ಲಾಭವಾದರೂ ಆಗುತ್ತಿದೆಯೇ? ನನ್ನ ಮುಂದೆ ಆಂಪ್ಲಿಫೈಯರ್‌ನಲ್ಲಿ ಸದ್ದಿನ ಮಟ್ಟ ತೋರಿಸುವ ಒಂದು ಮುಳ್ಳಿರುತ್ತದೆ. ಜನ ಚಪ್ಪಾಳೆ ಹೊಡೆದರೆ ಮೈಕು ಅದನ್ನೂ ಎಳೆದುಕೊಂಡು ಮುಳ್ಳು ಮೇಲೇಳುತ್ತದೆ. ತಾವು ಆಸ್ಪತ್ರೆಯ ವಿಷಯ ಮಾತಾಡಿದರೆ ಮುಳ್ಳಿಗೆ ತೂಕಡಿಕೆ. ಶಾಲೆ ಅಂದರೆ ಸ್ವಲ್ಪ ಮಿಸುಕಾಡುತ್ತದೆ. ಹೊರಗಿನವರು ಅಂದಿರೋ, ಸಟ್ಟನೆ ಕೆಂಪು ಗೆರೆಗೆ. ತಮ್ಮ ಕಿವಿಗೂ ಅದು ಗೊತ್ತಾಗಿದೆ, ಅದಕ್ಕೇ ವರ್ಷದಿಂದ ವರ್ಷಕ್ಕೆ ಭಾಷಣದಲ್ಲಿ ಆಸ್ಪತ್ರೆ ಸಣ್ಣದಾಗಿ, ಹೊರಗಿನವರು ದೊಡ್ಡವರಾಗಿದ್ದಾರೆ. ಕಳೆದ ಚುನಾವಣೆಯಲ್ಲಿ ಮುಳ್ಳು ಕೆಂಪು ಬಿಟ್ಟು ಇಳಿಯಲೇ ಇಲ್ಲ. ಸ್ಪೀಕರ್ ಒಂದು ಸುಟ್ಟೇಹೋಯಿತು. ಮತ ಎಣಿಕೆಯ ದಿನ ನೋಡಿದರೆ ನಮ್ಮ ಪಕ್ಷದ ಅರ್ಧ ಸ್ಥಾನ ಕೈಬಿಟ್ಟಿತ್ತು. ಚಪ್ಪಾಳೆ ಹೊಡೆದ ಕೈಗಳೆಲ್ಲ ವೋಟು ಹಾಕಲು ಎಲ್ಲಿಗೆ ಹೋದವು ಅಂತ ತಮ್ಮ ಸಮಿತಿ ಆತ್ಮಾವಲೋಕನ ಮಾಡಿತಂತೆ. ನನ್ನ ಬಾಮೈದನನ್ನು ಕೇಳಿದ್ದರೆ ಸಾಕಿತ್ತು.

ಬಾಮೈದ ಹೊಲಿಗೆ ಅಂಗಡಿಯವನು. ಅಕ್ಕನ ಜೊತೆ ಪಕ್ಷದ ಬಾವುಟ ಹಿಡಿದು ಬೆಳೆದವನು, ತಮ್ಮ ಬ್ಯಾನರುಗಳ ಅಂಚು ಹೊಲಿದವನು. ಹೋದ ಸಲ ಆ ಇನ್ನೊಂದು ಪಕ್ಷಕ್ಕೆ ವೋಟು ಹಾಕಿದ, ತಮಗಿಂತ ಜೋರಾಗಿ ಕೂಗುವವರಿಗೆ. ಯಾಕೋ ಅಂದರೆ, “ಇಷ್ಟು ವರ್ಷ ಇದೇ ದೊಡ್ಡ ಗಂಡಾಂತರ ಅಂತ ಹೇಳಿದ್ದು ನಮ್ಮೋರೇ ಅಲ್ವಾ ಭಾವ? ಮಾಡಿದ್ದೇನು? ಅಸಲಿ ಮಾಲು ಪಕ್ಕದಂಗಡೀಲಿ ಸಿಗೋವಾಗ ನಕಲಿ ಯಾಕೆ ತಗೋಬೇಕು?” ಅಂದ. ಅವನ ಮಗಳು ಟೀಚರು. ಅವಳದು ಬೇರೆಯೇ ಕಥೆ. ನಿಮ್ಮ ಪಕ್ಷದ ಘೋಷಣೆ ಕೇಳಿದರೆ ನನ್ನ ತರಗತಿಯಲ್ಲಿರುವ ಗಡಿಯಾಚೆಯ ಮಕ್ಕಳ ಮುಖ ನೋಡಲು ಆಗುವುದಿಲ್ಲ ಅಂತ ಅವಳು ಎದುರಿನ ಪಕ್ಷಕ್ಕೆ ಹೋದಳು. ಅಪ್ಪ ಒಂದು ಕಡೆ, ಮಗಳು ಒಂದು ಕಡೆ. ಒಂದೇ ಮನೆಯಲ್ಲಿ ಎರಡೂ ದಿಕ್ಕಿನಿಂದ ವೋಟು ಕಳೆದುಕೊಳ್ಳುವ ಜಾಣತನ ಬೇರೆ ಯಾರಿಗಿದೆ?

ಇನ್ನೊಂದು ಮಾತು ಹೇಳಬೇಕು. ಇದೇ ಬಾಮೈದ ದಿನಾ ಸಂಜೆ ಅಕ್ಕನನ್ನು ನೋಡಲು ಬರುತ್ತಾನೆ. ಆರೈಕೆಯವಳು ಮಾಡಿದ ಅಡುಗೆ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಾನೆ. ಅವಳ ಹರಿದ ಕೋಟಿಗೆ ತಾನೇ ಒಳಗೆ ಅಸ್ತರು ಹಾಕಿ ಹೊಲಿದುಕೊಟ್ಟ. ಪರವಾನಗಿಯ ವಿಷಯ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. ನಿನ್ನ ಆ ಹೊಸ ಪಕ್ಷ ಗೆದ್ದು ಬಂದರೆ ಇವಳು ಎರಡು ದಿನವೂ ಇರುವುದಿಲ್ಲವಲ್ಲ ಮಾರಾಯ ಅಂದೆ. “ಇವಳನ್ನ್ಯಾಕೆ ಕಳಿಸ್ತಾರೆ? ಇವಳು ನಮ್ಮೋಳಲ್ವಾ? ನಾನು ಹೇಳೋದು ಹೊರಗಿನವರ ಬಗ್ಗೆ” ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದಾನೆ. ಪ್ರತಿ ಮನೆಯಲ್ಲೂ ಒಬ್ಬಳು ನಮ್ಮವಳು ಇದ್ದಾಳೆ, ಹೊರಗಿನವರೆಲ್ಲ ಟೀವಿಯಲ್ಲಿದ್ದಾರೆ. ಈ ಮತದಾರನನ್ನು ತಾವು ಯಾವ ಸಮೀಕ್ಷೆಯಲ್ಲಿ ಯಾವ ಕಡೆಗೆ ಸೇರಿಸಿದ್ದೀರಿ?

ಇಷ್ಟೆಲ್ಲ ನುಂಗಿಕೊಂಡು ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಮೊನ್ನೆ ತಮ್ಮ ಪ್ರಚಾರ ಸಮಿತಿಯಿಂದ ಫೋನು ಬಂತು. ಸಮಾರೋಪ ಸಭೆಗೆ ಮೈಕ್ ಸೆಟ್ ಎಂದಿನಂತೆ ನನ್ನದೇ ಅಂತೆ. ಜೊತೆಗೆ ಸಾಹೇಬರ ಆಸೆ, ಮೈಕಕ್ಕನನ್ನು ಗಾಲಿಕುರ್ಚಿಯಲ್ಲಾದರೂ ಕರೆತರಬೇಕು, ವೇದಿಕೆಯ ಮುಂದೆ ಕೂರಿಸಬೇಕು, ಆಗುವುದಾದರೆ ಎಣಿಸಬೇಕು, ಜನರ ಮನಸ್ಸು ಕರಗುತ್ತದೆ, ಪಕ್ಷಕ್ಕೆ ಒಳ್ಳೆಯದಾಗುತ್ತದೆ ಅಂತ. ಆರೈಕೆಯವಳ ಪರವಾನಗಿ ಮುಗಿಯುವುದು ಸರಿಯಾಗಿ ಆ ಸಭೆಯ ಹಿಂದಿನ ದಿನ. ಒಂದು ಕುರ್ಚಿ ನನ್ನ ಹೆಂಡತಿಯ ದನಿ ಬೇಕು ಅನ್ನುತ್ತದೆ, ಇನ್ನೊಂದು ಕುರ್ಚಿ ಆ ದನಿಯನ್ನು ಗಡಿ ದಾಟಿಸುತ್ತಿದೆ. ಎರಡರ ಮೇಲೂ ಕೂತವರು ಒಬ್ಬರೇ.

ಹೆಂಡತಿಗೆ ವಿಷಯ ತಿಳಿಸಿದೆ. ಆರೈಕೆಯವಳ ಅಪ್ಪಣೆಯಂತೆ ಅವಳನ್ನೇ ಕೇಳಿದೆ, ಹೋಗೋಣವಾ ಅಂತ. ಹೂಂ ಅಂತ ತಲೆಯಾಡಿಸಿದಳು. ಎಡಗೈಯಿಂದ ಪಕ್ಕದಲ್ಲಿದ್ದವಳ ಕೈ ಹಿಡಿದುಕೊಂಡು ನನ್ನ ಮುಖ ನೋಡಿದಳು, ಬಿಡಲಿಲ್ಲ. ನನಗೆ ಅರ್ಥವಾಯಿತು. ತಮಗೂ ಆಗಲಿ ಅಂತ ಈ ಪತ್ರ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಅರ್ಜಿಗೆ ಉತ್ತರ ಕೊಡಿ, ಸಭೆಗೆ ಮುಂಚೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು, ತಮ್ಮ ಸಹಿಯೊಂದಿಗೆ. ಚುನಾವಣೆಯ ನಂತರ ನೋಡೋಣ ಅನ್ನುವುದು ಉತ್ತರವಲ್ಲ.

ಹೌದು ಅಂದರೆ, ಆರೈಕೆಯವಳು ಪಕ್ಕದಲ್ಲಿ ನಿಂತು ಕೈ ಹಿಡಿಯುತ್ತಾಳೆ. ಮೈಕಕ್ಕ ಒಂದರಿಂದ ಹತ್ತರವರೆಗೆ ಎಣಿಸುತ್ತಾಳೆ, ತನಗೆ ಈಗ ಬರುವ ಭಾಷೆಯಲ್ಲಿ. ಇಡೀ ಮೈದಾನಕ್ಕೆ ಕೇಳಿಸುವ ಹಾಗೆ ಮಾಡುವ ಜವಾಬ್ದಾರಿ ನನ್ನದು. ಆಮೇಲೆ ತಾವು ಮೆಟ್ಟಿಲು ಹತ್ತಿ ಏನು ಬೇಕಾದರೂ ಮಾತಾಡಿ.

ಇಲ್ಲ ಅಂದರೂ ಬರುತ್ತೇವೆ, ತಮ್ಮ ಸಮಿತಿಗೆ ಮಾತು ಕೊಟ್ಟಾಗಿದೆ. ಗಾಲಿಕುರ್ಚಿಯನ್ನು ನಾನೇ ತಳ್ಳಿಕೊಂಡು ಬರುತ್ತೇನೆ. ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿಯುತ್ತೇನೆ, ಸೌಂಡು ಪೂರ್ತಿ ಕೊಟ್ಟಿರುತ್ತೇನೆ. ಅವಳು ಉಸಿರಾಡುವುದಷ್ಟೇ ಕೇಳಿಸುತ್ತದೆ. ತಾವು ಎಂದಿನಂತೆ ಮೆಟ್ಟಿಲ ಕೆಳಗೆ ನಿಂತು, ಅವಳು ಎಣಿಸುವ ತನಕ ಕಾಯಿರಿ.

ಇಂತಿ,
ಇಷ್ಟು ವರ್ಷ ತಮ್ಮ ದನಿಯನ್ನು ದೊಡ್ಡದು ಮಾಡಿಕೊಟ್ಟ,
ಮೈಕಕ್ಕನ ಗಂಡ