ತಪ್ಪು ಜಾಡಿಗೆ ಬಿದ್ದ ಬಿರಡೆ

ಸೋಮವಾರ, ಬೆಳಗ್ಗೆ ಹತ್ತೂವರೆ
ನೆಲಮಾಳಿಗೆಯ ಮೆಟ್ಟಿಲ ಪಕ್ಕದ ಅದೇ ಕುಂಟು ಮೇಜು

ಪ್ರೀತಿಯ ಚೂಟಿ,

ಫೋನು ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಹೊರಗೆ ಪೀಪಾಯಿ ತೊಳೆಯುತ್ತಾ ಶಿಳ್ಳೆ ಹಾಕುತ್ತಿದ್ದಾರೆ, ಎಂದಿನಂತೆ ಶ್ರುತಿ ತಪ್ಪಿ. ಫೋನಿನಲ್ಲಾದರೆ ನಾವಿಬ್ಬರೂ ಬಿಸಿಲು, ಮೋಡ, ಅಪ್ಪನ ಮಂಡಿನೋವು ಇಷ್ಟು ಮುಗಿಸಿ ಸರಿ ಇಡ್ತೀನಿ ಅನ್ನುತ್ತೇವೆ. ಎರಡು ವರ್ಷದಿಂದ ಅದೇ ನಡೆದಿದೆ. ಈಗ ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ಶನಿವಾರದ ಪ್ರಶಸ್ತಿ ಭೋಜನಕೂಟದಲ್ಲಿ ಏನಾಯಿತು ಅಂತ ನಿನಗೆ ತಿಳಿದಿರುತ್ತದೆ. ನೀನು ಈಗ ವೈನ್ ಮಾಡಿಕೊಡುವ ಕಡೆಯ ಮಾಲೀಕಮ್ಮ ಫಲಿತಾಂಶ ಬಂದ ಕೂಡಲೇ ಕಂಬದ ಮರೆಗೆ ಹೋಗಿ ನಿನಗೆ ಫೋನು ಮಾಡಿದ್ದನ್ನು ನಾನೇ ನೋಡಿದೆ. ನಮ್ಮ ವೈನ್ ಮೊದಲನೆಯದು, ನಿನ್ನದು ಎರಡನೆಯದು, ನಡುವೆ ಒಂದೇ ಒಂದು ಬಿರಡೆಯ ಅಂತರ. ಆ ಒಂದು ಬಿರಡೆಯ ಕಥೆ ಹೇಳುವುದಕ್ಕೇ ಈ ಕಾಗದ. ಆದರೆ ಅದಕ್ಕೆ ಮುಂಚೆ ಊಟದ ಸಮಾಚಾರ ಕೇಳು. ನನ್ನ ಮಾನ ಹೋಗುವ ಭಾಗಕ್ಕೆ ಬರುವಷ್ಟರಲ್ಲಿ ನೀನು ಸ್ವಲ್ಪ ನಕ್ಕಿದ್ದರೆ ನನಗೆ ಅನುಕೂಲ.

ಆಹ್ವಾನ ಪತ್ರಿಕೆಯಲ್ಲಿ ಔಪಚಾರಿಕ ಉಡುಪು ಕಡ್ಡಾಯ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನನ್ನ ಹತ್ತಿರ ಇರುವ ಔಪಚಾರಿಕ ಉಡುಪು ಅಂದರೆ ಕಲೆ ಬೀಳದ ಏಪ್ರನ್ನು. ದೊಡ್ಡಮ್ಮನ ಕಪ್ಪು ಗೌನು ಕೇಳಿ ತಂದೆ. ಜಿಪ್ಪು ಅರ್ಧಕ್ಕೆ ಬಂದು ಮುಷ್ಕರ ಹೂಡಿತು. ನಿಮ್ಮಪ್ಪ ಪೀಪಾಯಿಗೆ ಪಟ್ಟಿ ಬಿಗಿಯುವ ಹಾಗೆ ನನ್ನ ಬೆನ್ನಿಗೆ ಮಂಡಿ ಕೊಟ್ಟು ಎಳೆದು, ಇನ್ನು ಮನೆಗೆ ಬರೋ ತನಕ ಜೋರಾಗಿ ಉಸಿರು ಬಿಡಬೇಡ ಅಂದರು. ಇಡೀ ಸಂಜೆ ಅರ್ಧ ಉಸಿರಲ್ಲೇ ಕಳೆದೆ. ಹತ್ತು ಬೆರಳೂ ನೇರಳೆ ಬಣ್ಣ ಬೇರೆ. ವಾರವಿಡೀ ಪೀಪಾಯಿ ಖಾಲಿ ಮಾಡುವ ಕೆಲಸ ನಡೆದಿತ್ತಲ್ಲ, ನಿಂಬೆಹೋಳು ಹಾಕಿ ಉಜ್ಜಿದರೂ ಬಿಡಲಿಲ್ಲ. ಅಲ್ಲಿಗೆ ಹೋಗಿ ನೋಡಿದರೆ ಎಲ್ಲರ ಕೈಯೂ ಹಾಗೇ ಇತ್ತು. ಬಿಳಿ ಕೈಯವರು ವೈನ್ ಮಾರುವವರು, ನೇರಳೆ ಕೈಯವರು ಮಾಡುವವರು, ಪರಿಚಯ ಮಾಡಿಸುವ ಕಷ್ಟವೇ ಇರಲಿಲ್ಲ.

ಸಭಾಂಗಣ ಚೆನ್ನಾಗಿತ್ತು. ಬಿಳಿ ಮೇಜುಬಟ್ಟೆ, ಒಬ್ಬೊಬ್ಬರ ಮುಂದೆ ಆರಾರು ಗ್ಲಾಸು, ಮಧ್ಯದಲ್ಲಿ ಹೂದಾನಿ. ನನ್ನ ಎಡಕ್ಕೆ ಅಪ್ಪ, ಬಲಕ್ಕೆ ಯಾವುದೋ ಬ್ಯಾಂಕಿನ ದೊಡ್ಡ ಅಧಿಕಾರಿ. ಮೊದಲು ಒಂದು ಬಿಳಿ ವೈನ್ ಬಡಿಸಿದರು. ನಾನು ಮೂಸಿದೆ, ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದೆ, ಆಮೇಲೆ ಮೂವತ್ತು ವರ್ಷದ ಅಭ್ಯಾಸದಂತೆ ಮುಂದಕ್ಕೆ ಬಾಗಿ ಹೂದಾನಿಗೆ ಉಗಿದುಬಿಟ್ಟೆ. ಬ್ಯಾಂಕಿನವರ ಚಮಚ ಬಾಯಿಯ ಹತ್ತಿರವೇ ನಿಂತಿತು. ನನ್ನ ಕಿವಿಯವರೆಗೂ ಬಿಸಿಯಾಯಿತು. ಅಷ್ಟರಲ್ಲಿ ಹಿಂದಿನ ಮೇಜಿನಿಂದ ಅದೇ ಸದ್ದು, ಆಮೇಲೆ ಕಿಟಕಿ ಪಕ್ಕದ ಮೇಜಿನಿಂದ. ತಿರುಗಿ ನೋಡಿದರೆ ಗಡ್ಡದ ಮಾಮ ನೀರಿನ ಲೋಟಕ್ಕೆ ಉಗಿದು ಗಂಭೀರವಾಗಿ ಬಾಯಿ ಒರೆಸಿಕೊಳ್ಳುತ್ತಿದ್ದರು. ದಿನವಿಡೀ ರುಚಿ ನೋಡಿ ಉಗಿಯುವ ನಮ್ಮ ಕಸುಬಿನವರಿಗೆ ಕೋಟು ಹಾಕಿಸಬಹುದು, ನುಂಗಿಸುವುದು ಕಷ್ಟ. ಕೊನೆಗೆ ಬಡಿಸುವವರು ಮೇಜಿಗೊಂದು ಚಿಕ್ಕ ಬಕೆಟ್ಟು ತಂದಿಟ್ಟರು. ಬ್ಯಾಂಕಿನವರು ಕುರ್ಚಿಯನ್ನು ಮೆಲ್ಲಗೆ ಆ ಕಡೆಗೆ ಸರಿಸಿಕೊಂಡರು.

ಮೂರು ಭಾಷಣ ಆಯಿತು. ಎರಡನೆಯದರಲ್ಲಿ ನಿಮ್ಮಪ್ಪನಿಗೆ ನಿದ್ದೆ ಹತ್ತಿ, ಎಚ್ಚರವಾದ ಕೂಡಲೇ ಜೋರಾಗಿ ಚಪ್ಪಾಳೆ ತಟ್ಟಿದರು. ಭಾಷಣಕಾರರು ಆಗಷ್ಟೇ ಕಳೆದ ವರ್ಷ ತೀರಿಕೊಂಡವರ ಹೆಸರು ಓದಲು ಶುರುಮಾಡಿದ್ದರು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ಹೋಗಿದ್ದು ಪ್ರಶಸ್ತಿಗಲ್ಲ, ನಿನ್ನನ್ನು ನೋಡಬಹುದು ಅಂತ. ಸೂಪು ಮುಗಿಯುವ ತನಕ ಬಾಗಿಲ ಕಡೆಗೇ ಕಣ್ಣಿತ್ತು. ನಿಮ್ಮ ಮಾಲೀಕಮ್ಮ ಒಬ್ಬರೇ ಬಂದರು. ಪೀಪಾಯಿ ಖಾಲಿ ಮಾಡುವ ಕೆಲಸ ಇದೆ ಅಂತ ನೀನು ಬರಲಿಲ್ಲವಂತೆ. ಒಂದು ಸಂಜೆಯ ಮಟ್ಟಿಗೆ ಪೀಪಾಯಿ ಕಾಯುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕೋಪ ಬರಲಿಲ್ಲ ಕಣೇ, ಬಾಗಿಲು ನೋಡುವುದು ಬಿಟ್ಟು ತಟ್ಟೆ ನೋಡುತ್ತಾ ಕೂತೆ. ಬಿಡು. ಈಗ ಬಿರಡೆಯ ವಿಷಯ.

ಕೊನೆಯ ಸುತ್ತಿಗೆ ಆರು ಕೆಂಪು ವೈನ್ ಉಳಿದಿದ್ದವು, ಎಲ್ಲವೂ ಕಳೆದ ವರ್ಷದ ಕೊಯ್ಲಿನವು. ಆರೂ ಬಾಟಲಿಗೆ ಬಟ್ಟೆಯ ಚೀಲ ತೊಡಿಸಿ, ಮೇಲೆ ಅಂಕಿ ಬರೆದು ವೇದಿಕೆಯ ಮೇಲಿಟ್ಟಿದ್ದರು. ಪ್ರತಿ ಬಾಟಲಿಯ ಮುಂದೆ ಒಂದು ಗಾಜಿನ ಜಾಡಿ. ಆರನ್ನೂ ಎಲ್ಲರಿಗೂ ಸುರಿದುಕೊಡುತ್ತಾರೆ. ವೈನ್ ಮಾಡುವ ನಲವತ್ತು ಜನಕ್ಕೆ ಒಂದೊಂದು ಬಿರಡೆ. ಯಾವುದು ಮೆಚ್ಚುಗೆಯಾಯಿತೋ ಆ ಜಾಡಿಗೆ ಹೋಗಿ ಹಾಕಬೇಕು. ನಿಯಮ ಒಂದೇ: ತನ್ನ ವೈನಿಗೆ ತಾನು ಹಾಕಿಕೊಳ್ಳುವಂತಿಲ್ಲ. ಯಾರೂ ಪರೀಕ್ಷೆ ಮಾಡುವುದಿಲ್ಲ, ನಂಬಿಕೆಯ ಮೇಲೆ ನಡೆಯುತ್ತದೆ. ತನ್ನ ವೈನ್ ಗುರುತು ಹಿಡಿಯದವನು ಈ ಕೆಲಸದಲ್ಲಿ ಇರುತ್ತಾನೆಯೇ ಅಂತ ಎಲ್ಲರ ಎಣಿಕೆ. ನನ್ನದಂತೂ ಕೇಳಲೇಬೇಡ. ಕಣ್ಣು ಕಟ್ಟಿ ಬಾವಿಗಿಳಿಸಿ ಕೊಟ್ಟರೂ ನನ್ನ ವೈನ್ ನನಗೆ ತಿಳಿಯುತ್ತದೆ ಅಂತ ನಾನು ಕೊಚ್ಚಿಕೊಂಡಿದ್ದನ್ನು ಕೇಳದವರು ಒಬ್ಬರೂ ಆ ಸಭಾಂಗಣದಲ್ಲಿ ಇರಲಿಲ್ಲ.

ನಾವು ಈ ಸಲ ಎರಡು ವೈನ್ ಕಳಿಸಿದ್ದೆವು. ಒಂದು ನಮ್ಮ ದೊಡ್ಡ ಟ್ಯಾಂಕಿನದು, ಎಂದಿನದು. ಇನ್ನೊಂದು ಏಳನೇ ಟ್ಯಾಂಕಿನದು, ಸುಮ್ಮನೆ ಜೊತೆಗಿರಲಿ ಅಂತ ಕಳಿಸಿದ್ದು. ಅದರ ವಿಷಯ ಈಗ ಬೇಡ. ನಮ್ಮ ಎರಡರಲ್ಲಿ ಒಂದು ಕೊನೆಯ ಸುತ್ತಿಗೆ ಬಂದಿದೆ ಅಂತ ಮಾತ್ರ ವೈನ್ ಮಾಡುವವರ ಸಂಘದಿಂದ ಪತ್ರ ಬಂದಿತ್ತು, ಯಾವುದು ಅಂತ ಇರಲಿಲ್ಲ. ದೊಡ್ಡ ಟ್ಯಾಂಕಿನದೇ ಅಂತ ನಾನು ಅಂದುಕೊಂಡೆ. ಅದಲ್ಲದೆ ಇನ್ಯಾವುದು ಬಂದೀತು ಅನ್ನುವುದು ನನ್ನ ಜಂಬ.

ಮೂರನೆಯ ಗ್ಲಾಸು ಬಾಯಿಗಿಟ್ಟೆ. ಹಣ್ಣು ಚೆನ್ನಾಗಿತ್ತು, ಮೈ ತುಂಬಿತ್ತು, ಉಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಆ ಸಣ್ಣ ಒಗರು. ಹಾಲು ಹಾಕದ ಚಹಾದ ಒಗರು. ನನಗೆ ಕಣ್ಣು ಮುಚ್ಚುವ ಹಾಗಾಯಿತು. ಆ ಒಗರಿಗಾಗಿ, ದ್ರಾಕ್ಷಿ ಹುಳಿಯುವಾಗ ಒಂದು ಬುಟ್ಟಿ ಗೊಂಚಲಿನ ತೊಟ್ಟು ಬೇಕೆಂದೇ ಟ್ಯಾಂಕಿಗೆ ಹಾಕುವವಳು ಈ ಸುತ್ತಮುತ್ತಲಿನಲ್ಲೆಲ್ಲ ನಾನೊಬ್ಬಳೇ. ಉಳಿದವರು ತೊಟ್ಟನ್ನು ಬೇರ್ಪಡಿಸಿ ಎಸೆಯುತ್ತಾರೆ. ಅಪ್ಪನ ಕಿವಿಯಲ್ಲಿ, ಮೂರನೇದು ನಮ್ಮದು, ನೋಡಿ ಹೇಗಿದೆ ಅಂತ ಪಿಸುಗುಟ್ಟಿದೆ. ಆರರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನದಾದ ಮೇಲೆ ಹಾಕುವಂತಿಲ್ಲವಲ್ಲ. ಅದರ ನಂತರ ಹಿಡಿಸಿದ್ದು ಐದನೆಯದು, ತಿಳಿಯಾಗಿ, ಹಗುರವಾಗಿ, ಬರೀ ಹಣ್ಣಿನ ಮಾತಾಡುವಂಥದ್ದು. ಯಾರೋ ಬುದ್ಧಿವಂತರು ಮಾಡಿದ್ದು ಅಂದುಕೊಂಡು, ತಲೆ ಎತ್ತಿಕೊಂಡು ಹೋಗಿ ಐದನೆಯ ಜಾಡಿಗೆ ಬಿರಡೆ ಹಾಕಿ ಬಂದೆ. ಎಷ್ಟು ನ್ಯಾಯವಂತೆ ನಾನು ಅಂತ ನನಗೇ ಹೆಮ್ಮೆ.

ಆಮೇಲೆ ಎಲ್ಲರೆದುರು ಎಣಿಸಿದರು. ಐದಕ್ಕೆ ಹನ್ನೆರಡು, ಮೂರಕ್ಕೆ ಹನ್ನೊಂದು, ಮಿಕ್ಕ ಹದಿನೇಳು ಉಳಿದ ನಾಲ್ಕರಲ್ಲಿ ಹಂಚಿಹೋಗಿದ್ದವು. ನಮ್ಮದು ಒಂದು ಬಿರಡೆಯಲ್ಲಿ ಸೋತಿತು, ಇರಲಿ ಅಂತ ನಾನು ಉದಾರವಾಗಿ ಚಪ್ಪಾಳೆ ತಟ್ಟುತ್ತಿದ್ದೆ. ಸಂಘದ ಅಧ್ಯಕ್ಷರು ಚೀಲ ತೆಗೆದರು. ಐದನೆಯ ಬಾಟಲಿಯ ಮೇಲೆ ನಮ್ಮ ಚೀಟಿ. ಮೂರನೆಯದರ ಮೇಲೆ ನಿಮ್ಮದು, ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಿಸಿದವರು ಅಂತ ನಿನ್ನ ಹೆಸರು.

ಚೂಟಿ, ನನ್ನ ಚಪ್ಪಾಳೆ ಗಾಳಿಯಲ್ಲೇ ನಿಂತಿತು. ತೊಟ್ಟಿನ ಒಗರನ್ನು ನಾನು ಜೀವಮಾನದಲ್ಲಿ ಒಬ್ಬಳಿಗೇ ಕಲಿಸಿದ್ದು. ಆ ಒಬ್ಬಳೇ ಎರಡು ವರ್ಷದ ಹಿಂದೆ ಏಳನೇ ಟ್ಯಾಂಕಿನ ಏಣಿಯ ಮೇಲೆ ನಿಂತು, ತೊಟ್ಟು ಬೇಡ ಅಮ್ಮ, ಹಣ್ಣು ತನ್ನ ಮಾತು ತಾನೇ ಆಡಲಿ ಅಂದಳು. ನಾನು ಕೆಲಸದವರೆಲ್ಲರ ಮುಂದೆ, ನಿನ್ನ ನಾಲಿಗೆ ಇನ್ನೂ ಬಲಿತಿಲ್ಲ, ಕೆಳಗಿಳಿ ಅಂದೆ. ನೀನು ಇಳಿದೆ, ಬೂಟು ಕಳಚಿ ಗೋಡೆ ಪಕ್ಕ ಜೋಡಿಸಿಟ್ಟು ಹೋದೆ. ಆ ಬೂಟನ್ನು ಯಾರೂ ಮುಟ್ಟಿಲ್ಲ. ಬಲಿಯದ ನಾಲಿಗೆ ಯಾರದು ಅಂತ ಶನಿವಾರ ಗೊತ್ತಾಯಿತು.

ಆಗಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ವೇದಿಕೆಗೆ ಕರೆದರು, ಹೋದೆ, ಗಾಜಿನ ದ್ರಾಕ್ಷಿ ಗೊಂಚಲು ಕೈಗೆ ಕೊಟ್ಟರು, ತಗೊಂಡೆ. ಎರಡು ಮಾತಾಡಿ ಅಂದಾಗ ಸರಿಯಾಗಿ ಎರಡೇ ಮಾತಾಡಿ ಇಳಿದೆ. ನಾನು ನನ್ನ ವೈನ್ ಗುರುತಿಸದೆ ಹೋದೆ, ಮಗಳದ್ದನ್ನು ನನ್ನದು ಅಂದುಕೊಂಡೆ ಅಂತ ಆ ನಲವತ್ತು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ನಿಮ್ಮ ಮಾಲೀಕಮ್ಮ ಬಂದು ಕೈ ಕುಲುಕಿ, ನೀವು ಗೆದ್ದದ್ದು ನಿಮ್ಮ ಮಗಳಿಗೂ ಸಂತೋಷ ಅಂದರು. ಆಗಂತೂ ಜಿಪ್ಪು ಕಿತ್ತುಹೋಗಿ ಎಲ್ಲರ ಗಮನ ಆ ಕಡೆ ಹೋಗಬಾರದೇ ಅನ್ನಿಸಿತು. ಅದು ಗಟ್ಟಿಯಾಗಿ ನಿಂತು ಕೈಕೊಟ್ಟಿತು.

ನಿನ್ನೆ ಭಾನುವಾರವಿಡೀ ನಿಮ್ಮಪ್ಪ ಆ ಗಾಜಿನ ಗೊಂಚಲನ್ನು ಮನೆಯ ಎಲ್ಲ ಕಡೆ ಇಟ್ಟು ನೋಡಿದರು. ಕಪಾಟಿನ ಮೇಲೆ, ಕಿಟಕಿಯಲ್ಲಿ, ಫ್ರಿಜ್ಜಿನ ಮೇಲೆ. ಇದನ್ನ ಎಲ್ಲಿಡೋದೇ ಅಂತ ಮೂರು ಸಲ ಕೇಳಿದರು. ಮೂರನೆಯ ಸಲ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿ, ಹಾಗಾದರೆ ಇಲ್ಲಿಡೋದು ಬೇಡ ಅಂತ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟರು.

ಇವತ್ತು ಬೆಳಗ್ಗೆ ಎಂಟಕ್ಕೇ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ನಿಯಮ ಹೇಳಿದರು. ತನ್ನ ಜಾಡಿಗೆ ಹಾಕಿದ ಬಿರಡೆ ಲೆಕ್ಕಕ್ಕಿಲ್ಲ, ತೆಗೆದರೆ ಹನ್ನೊಂದು ಹನ್ನೊಂದು, ಇಬ್ಬರೂ ಸಮ. ಆ ಬಿರಡೆ ಮೂರಕ್ಕೇ ಸೇರಬೇಕು ಅಂತಿದ್ದರೆ ಯಾವ ಕಾರಣಕ್ಕೆ ಅಂತ ಕಾಗದ ಬರೆದುಕೊಡಿ, ಗುರುವಾರದ ಸಭೆಯಲ್ಲಿ ಎಲ್ಲರ ಮುಂದೆ ಓದಬೇಕಾಗುತ್ತೆ, ಯೋಚನೆ ಮಾಡಿ ಅಂದರು. ಸಮ ಅಂತ ಬಿಟ್ಟುಬಿಡಬಹುದಿತ್ತು, ನನ್ನ ಮರ್ಯಾದೆಯೂ ಅರ್ಧ ಉಳಿಯುತ್ತಿತ್ತು. ಆದರೆ ಆರರಲ್ಲಿ ಚೆನ್ನಾಗಿದ್ದದ್ದು ನಿನ್ನದೇ. ಅದು ಸಮ ಅಲ್ಲ. ಬರೆದೆ. ಹೂದಾನಿಯ ವಿಷಯ ಒಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ಈ ಕಾಗದದ ಜೊತೆಗೇ ಅದೂ ಅಂಚೆಗೆ ಹೋಗುತ್ತಿದೆ. ಗುರುವಾರ ಗಡ್ಡದ ಮಾಮ ನನ್ನನ್ನು ಬಾವಿಗಿಳಿಸುವ ಮಾತು ತೆಗೆಯದೆ ಬಿಡುವುದಿಲ್ಲ. ತೆಗೆಯಲಿ.

ಗೆದ್ದವಳು ನೀನು. ಎಲ್ಲರ ಮುಂದೆ ಕೆಳಗಿಳಿ ಅಂದ ತಪ್ಪಿಗೆ ಎಲ್ಲರ ಮುಂದೆಯೇ ಹೇಳಿಕೊಳ್ಳಬೇಕು ಅಂತ ನನಗೆ ಅನ್ನಿಸಿದೆ. ನನ್ನನ್ನು ಕ್ಷಮಿಸು. ಈ ಮಾತು ಬರೆಯುವುದಕ್ಕೆ ಎರಡು ವರ್ಷ ತಗೊಂಡೆ, ಅದಕ್ಕೂ ಕ್ಷಮಿಸು.

ಗಾಜಿನ ಗೊಂಚಲನ್ನು ಅಪ್ಪ ಭಾನುವಾರ ತಂದುಕೊಡುತ್ತಾರೆ. ನೀನೇ ಬಂದು ತಗೊಂಡು ಹೋದರೆ ಅವರ ಮಂಡಿಗೆ ಒಳ್ಳೆಯದು.

ಇಂತು,
ಕಣ್ಣು ಕಟ್ಟದೆಯೂ ಎಡವಿದ
ನಿನ್ನ ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಏಳನೇ ಟ್ಯಾಂಕಿನ ವಿಷಯ ಈಗ ಬೇಡ ಅಂದಿದ್ದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐದನೆಯ ಬಾಟಲಿಯಲ್ಲಿ ಇದ್ದದ್ದು ಅದೇ. ಕಳೆದ ಕೊಯ್ಲಿನಲ್ಲಿ ತೊಟ್ಟಿನ ಬುಟ್ಟಿ ಹಿಡಿದು ನೀನು ನಿಂತಿದ್ದ ಏಣಿಯನ್ನೇ ಹತ್ತಿದೆ. ತುಂಬ ಹೊತ್ತು ನಿಂತಿದ್ದೆ. ಆಮೇಲೆ ಒಂದು ತೊಟ್ಟೂ ಹಾಕದೆ ಬುಟ್ಟಿ ಹಿಡಿದುಕೊಂಡೇ ಇಳಿದೆ. ನೀನು ಹೇಳಿದ ಹಾಗೆ. ಅಪ್ಪನಿಗೂ ಹೇಳಲಿಲ್ಲ. ನೀನೂ ಅಲ್ಲಿ ನಾನು ಹೇಳಿದ ಹಾಗೆ ತೊಟ್ಟು ಹಾಕುತ್ತಿದ್ದೀಯ ಅಂತ ನನಗೇನು ಕನಸು ಬಿದ್ದಿತ್ತೇ? ಮುಂದಿನ ತಿಂಗಳು ಕೊಯ್ಲು. ಏಳನೇ ಟ್ಯಾಂಕಿಗೆ ಈ ಸಲ ತೊಟ್ಟು ಹಾಕಬೇಕೋ ಬೇಡವೋ ನೀನೇ ಬಂದು ಹೇಳು. ಬೂಟು ಗೋಡೆ ಪಕ್ಕದಲ್ಲೇ ಇದೆ, ಇವತ್ತು ಒರೆಸಿಟ್ಟೆ.